ನಮ್ಮ ಬಸ್ ಆಫೀಸು ಸೊರಬಕ್ಕೆ ಹೋದದ್ದು

ಮೊನ್ನೆ ಪಕ್ಕದ ಮನೆಯ ಸೊಸೆ ಕೆಲಸ ಮುಗಿಸಿ ಬಂದವಳೇ ನಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಅವಳ ಕಂಪನಿ ಹೊಸ ಕಟ್ಟಡಕ್ಕೆ ಹೋಗುತ್ತಿದೆಯಂತೆ. ಅಲ್ಲಿರುವ ಕಂಪ್ಯೂಟರುಗಳನ್ನೆಲ್ಲ ಶನಿವಾರ ಬಿಚ್ಚಿ, ಸೋಮವಾರ ಬೆಳಿಗ್ಗೆಯೊಳಗೆ ಹೊಸ ಜಾಗದಲ್ಲಿ ಓಡಿಸುವ ಕೆಲಸ ಅವಳ ತಲೆಗೆ ಬಿದ್ದಿದೆಯಂತೆ. ಕೆಲಸ ಹೋದರೂ ಹೋಗಲಿ, ಇದು ನನ್ನ ಕೈಲಾಗದು ಎಂದಳು. ಕಚೇರಿ ಎಬ್ಬಿಸುವಾಗ ಇಂಥದ್ದು ಆಗುತ್ತಲೇ ಇರುತ್ತದೆ, ಕಂಪ್ಯೂಟರೇ ಬೇಕೆಂದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನನ್ನ ತಲೆಗೂ ಇದೇ ಬಿದ್ದಿತ್ತು.

ಆಗ ನಾನು ಶಿಕಾರಿಪುರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಟೈಪಿಸ್ಟು. ಬಸ್ಸು ಮೂರು. ನಮ್ಮ ಸಾಹುಕಾರರು ಸೊರಬದಲ್ಲಿ ಸ್ವಂತ ಕಟ್ಟಡ ಕಟ್ಟಿಸಿ, ಆಫೀಸು ಅಲ್ಲಿಗೇ ಬರಲಿ ಎಂದರು. ಶನಿವಾರ ಇಲ್ಲಿ ಬೀಗ, ಸೋಮವಾರ ಅಲ್ಲಿ ಬಾಗಿಲು. ಒಂದು ಟೈಪ್‌ರೈಟರು, ಒಂದು ಟೆಲಿಫೋನು, ಮೂರು ಬೀರುಗಳ ತುಂಬ ಕಾಗದಪತ್ರ. ಯಂತ್ರಗಳ ಜವಾಬ್ದಾರಿ ನನ್ನದು, ಕಾಗದಪತ್ರದ್ದು ಮ್ಯಾನೇಜರದು.

೧. ಜಾಬ್ತಾ

ಮ್ಯಾನೇಜರು ತಾಲ್ಲೂಕು ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಕಾಗದದ ಮೇಲೆ ಇಲ್ಲದ ವಸ್ತು ಜಗತ್ತಿನಲ್ಲೇ ಇಲ್ಲ ಎಂಬುದು ಅವರ ನಂಬಿಕೆ. ಸಾಗಿಸಬೇಕಾದ ಪ್ರತಿಯೊಂದು ಸಾಮಾನಿನ ಪಟ್ಟಿ, ಅವರ ಮಾತಿನಲ್ಲಿ ಜಾಬ್ತಾ, ಟೈಪಾಗಬೇಕು ಎಂದರು. ನಾನು ಮಾಡಿಕೊಟ್ಟೆ. ಎಲ್ಲಕ್ಕಿಂತ ಬೆಲೆಬಾಳುವುದು ಟೈಪ್‌ರೈಟರೇ ಆದ್ದರಿಂದ ಅದು ಒಂದನೇ ನಂಬರು. ಒಂದನೇ ನಂಬರು ಮೊದಲು ಪೆಟ್ಟಿಗೆ ಸೇರಬೇಕೆಂದು ಅವರೇ ಬಡಗಿಯನ್ನು ಕರೆಸಿದರು. ಅವನು ಅದನ್ನು ಹಲಗೆ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹುಲ್ಲು ತುಂಬಿ, ಮೊಳೆ ಹೊಡೆದ.

ಆಮೇಲೆ ಮ್ಯಾನೇಜರು ತಲೆ ಎತ್ತಿ ಗೋಡೆ ನೋಡಿದರು. ಗಡಿಯಾರ ಜಾಬ್ತಾದಲ್ಲಿ ಇರಲಿಲ್ಲ. ಪೆನ್ನಿನಲ್ಲಿ ಸೇರಿಸುತ್ತೇನೆ ಎಂದೆ. ಟೈಪಾದ ಪಟ್ಟಿಗೆ ಕೈಬರಹ ಸೇರಿದರೆ ಅದು ತಿದ್ದುಪಡಿಯಾಗುತ್ತದೆ, ತಿದ್ದಿದ ದಾಖಲೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದರು. ನಮ್ಮನ್ನು ಕೋರ್ಟಿಗೆ ಯಾರು ಕರೆದಿದ್ದರೋ ತಿಳಿಯಲಿಲ್ಲ. ಬಡಗಿ ಮೊಳೆ ಕಿತ್ತ, ನಾನು ಗಡಿಯಾರ ಟೈಪು ಮಾಡಿದೆ, ಅವನು ಮತ್ತೆ ಹೊಡೆದ. ಆಮೇಲೆ ನೀರಿನ ಹೂಜಿ ಕಂಡಿತು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲು. ಮೂರನೆಯ ಸಲ ಕೀಳುವಾಗ ಬಡಗಿ, ಮೊಳೆ ಬೇಡ ಸ್ವಾಮಿ, ಇದಕ್ಕೊಂದು ಕದ ಕೂರಿಸಿ ಚಿಲಕ ಹಾಕಿಕೊಡುತ್ತೇನೆ ಎಂದ.

ಕೊನೆಗೆ ಎಲ್ಲ ಮುಗಿಯಿತು. ಮ್ಯಾನೇಜರು ಜಾಬ್ತಾವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿ, ಸಹಿ ಹಾಕಲು ಪೆನ್ನು ಬಿಚ್ಚಿ, ಹಾಗೆಯೇ ನಿಂತರು.

"ಎಲ್ಲಾ ಸರಿ ಐತ್ರಿ. ಆದ್ರೆ ಈ ಜಾಬ್ತಾನೂ ಸೊರಬಕ್ಕೆ ಹೋಗ್ತದಲ್ಲ, ಇದನ್ನ ಎಲ್ಲಿ ಬರ್ದೀರಿ?"

ನಾನು ಬಡಗಿಯ ಕಡೆ ನೋಡಿದೆ. ಅವನಾಗಲೇ ಮೊಳೆ ಕೀಳುತ್ತಿದ್ದ.

೨. ಲೈನು ಎಂಗೇಜು

ಟೆಲಿಫೋನು ಇಲಾಖೆಯ ಸೊತ್ತು, ಅರ್ಜಿ ಕೊಟ್ಟು ವಾಪಸು ಒಪ್ಪಿಸಬೇಕು ಎಂದು ನಾನು ಸಾಹುಕಾರರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಬೀದಿಯ ತಂತಿ ಬೇಕಾದರೆ ಅವರದಿರಲಿ, ಇಷ್ಟು ವರ್ಷ ನಮ್ಮ ಮೇಜಿನ ಮೇಲೆ ಕೂತದ್ದು, ದಿನಾ ನಾವು ಒರೆಸಿದ್ದು ಅವರದು ಹೇಗಾಗುತ್ತದೆ ಎಂದರು. ಬಸ್ಸುಗಳ ರಿಪೇರಿ ನೋಡುತ್ತಿದ್ದ ಫಿಟ್ಟರನ್ನು ಕರೆದರು. ಅವನು ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ, ಟೆಲಿಫೋನನ್ನು ಟವೆಲಿನಲ್ಲಿ ಸುತ್ತಿ, ಡ್ರೈವರ್ ಸೀಟಿನ ಹಿಂದೆ ಇಟ್ಟ.

ಸೊರಬದಲ್ಲಿ ನಮ್ಮ ಹೊಸ ಕಟ್ಟಡವಿದ್ದ ಬೀದಿಗೆ ಟೆಲಿಫೋನಿನ ತಂತಿಯೇ ಬಂದಿರಲಿಲ್ಲ. ಫಿಟ್ಟರು ಕತ್ತರಿಸಿದ ತುದಿಯನ್ನು ಕಿಟಕಿಯ ಸರಳಿಗೆ ಅಂದವಾಗಿ ಸುತ್ತಿಟ್ಟ. ಸಾಹುಕಾರರು ಎತ್ತಿ ಕಿವಿಗಿಟ್ಟು, ಶಿಕಾರಿಪುರದಲ್ಲಿ ಗುಂಯ್ ಅನ್ನುತ್ತಿತ್ತು, ಇಲ್ಲಿ ಎಷ್ಟು ಪ್ರಶಾಂತವಾಗಿದೆ ಎಂದು ಸಂತೋಷಪಟ್ಟರು.

ಮಾರನೆಯ ದಿನ ಕುಪ್ಪಗಡ್ಡೆಯಿಂದ ಒಬ್ಬ ಹಿರಿಯರು ಬಂದರು. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಶಿಕಾರಿಪುರದಲ್ಲಿದ್ದ ಅಳಿಯನಿಗೆ ಸುದ್ದಿ ಮುಟ್ಟಿಸಬೇಕು, ಒಂದು ಮಾತು ಆಡಿಸಿ ಎಂದರು. ಇದು ಬರೀ ಪೆಟ್ಟಿಗೆ ಎಂದು ಹೇಳಿದರೆ ಕಂಪನಿಯ ಮರ್ಯಾದೆ ಹೋಗುತ್ತದಲ್ಲ. ಮ್ಯಾನೇಜರು ರಿಸೀವರ್ ಎತ್ತಿ ಸ್ವಲ್ಪ ಹೊತ್ತು ಕೇಳಿಸಿಕೊಂಡಂತೆ ಮಾಡಿ, ಲೈನು ಎಂಗೇಜಿದೆ ಎಂದರು. ಹಿರಿಯರು ಬೆಂಚಿನ ಮೇಲೆ ಕೂತರು. ಸಂಜೆಯ ಬಸ್ಸಿನವರೆಗೆ ಕೂತರು. ಮರುದಿನ ಬಂದು ಕೂತರು, ಅದರ ಮರುದಿನವೂ ಬಂದರು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಿಜ ಹೇಳಿಬಿಡೋಣ ಎಂದು ಎರಡು ಸಲ ಎದ್ದೆ. ಎರಡು ಸಲವೂ ಮ್ಯಾನೇಜರು ಕಣ್ಣಿನಲ್ಲೇ ಕೂರಿಸಿದರು.

ನಾಲ್ಕನೆಯ ದಿನ ನಮ್ಮ ಬೆಳಗಿನ ಬಸ್ಸಿನಿಂದ ಆ ಅಳಿಯನೇ ಇಳಿದ. ಸಂತೆಗೆ ಹೋಗಿದ್ದ ಯಾರೋ ಊರಿನವರು ಸುದ್ದಿ ಹೇಳಿದ್ದರಂತೆ. ಹಿರಿಯರು ಅವನನ್ನು ತಬ್ಬಿಕೊಂಡು, ಒಳಗೆ ಬಂದು, ಒಂದು ಚಿಪ್ಪು ಬಾಳೆಹಣ್ಣನ್ನು ಟೆಲಿಫೋನಿನ ಪಕ್ಕದಲ್ಲಿಟ್ಟರು.

"ನಿಮ್ಮ ಫೋನು ಸ್ವಲ್ಪ ನಿಧಾನ ಮಾರಾಯ್ರೆ. ಆದ್ರೆ ಬರೀ ಮಾತು ಮುಟ್ಸೂದಲ್ಲ, ಮನುಷ್ಯನ್ನೇ ಕರ್ಕೊಂಡು ಬರ್ತದೆ."

೩. ಬಿದ್ದುಹೋದ ಅಕ್ಷರ

ಟೆಲಿಫೋನನ್ನು ನಾನೇ ಹೊತ್ತುಕೊಂಡು ಹೋಗಿ, ಇಲಾಖೆಯವರಿಗೆ ಕ್ಷಮಾಪಣೆ ಬರೆದುಕೊಟ್ಟು ಒಪ್ಪಿಸಿ ಬಂದೆ. ಅಷ್ಟರಲ್ಲಿ ಅದಕ್ಕಿಂತ ದೊಡ್ಡದು ಕಾದಿತ್ತು. ಶಿಕಾರಿಪುರ–ಸೊರಬ ಲೈನಿನ ಪರವಾನಗಿ ಆ ತಿಂಗಳೇ ಮುಗಿಯುತ್ತಿತ್ತು. ನವೀಕರಣದ ಅರ್ಜಿ ಇಂಗ್ಲಿಷಿನಲ್ಲಿ ಟೈಪಾಗಿ ಶಿವಮೊಗ್ಗ ಮುಟ್ಟಬೇಕು. ತಪ್ಪಿದರೆ ಲೈನು ಇನ್ನೊಂದು ಕಂಪನಿಗೆ. ನಮ್ಮ ಮೂರು ಬಸ್ಸುಗಳಲ್ಲಿ ಎರಡು ಅದೇ ಲೈನಿನವು. ಡ್ರೈವರು, ಕಂಡಕ್ಟರು, ನಾನು, ಎಲ್ಲರ ಅನ್ನವೂ ಅದರಲ್ಲೇ.

ಪೆಟ್ಟಿಗೆ ಬಿಚ್ಚಿದೆ. ಬಸ್ಸಿನ ಟಾಪಿನ ಮೇಲೆ ಕುಲುಕಾಡಿ ಬಂದ ಟೈಪ್‌ರೈಟರಿನ ಸಂದುಸಂದಿನಲ್ಲಿ ಹುಲ್ಲು ಸಿಕ್ಕಿತ್ತು. ಒಂದೊಂದು ಎಳೆಯನ್ನೂ ಸೂಜಿಯಿಂದ ತೆಗೆದು ಕಾಗದ ಹಾಕಿದೆ. ಇಂಗ್ಲಿಷಿನ 'ಇ' ಅಕ್ಷರ ಒತ್ತಿದರೆ ಕಡ್ಡಿ ಮಾತ್ರ ಬಂತು, ತುದಿಯಲ್ಲಿ ಅಕ್ಷರವಿರಲಿಲ್ಲ. ಶಿರಾಳಕೊಪ್ಪದ ರಸ್ತೆಯಲ್ಲಿ ಎಲ್ಲೋ ಪೆಟ್ಟಿಗೆಯ ಹಲಗೆಗಳ ಸಂದಿನಿಂದ ಉದುರಿಹೋಗಿತ್ತು. ಆ ಭಾಷೆಯಲ್ಲಿ ಅದಿಲ್ಲದೆ ಒಂದು ಸಾಲೂ ಸಾಗುವುದಿಲ್ಲ. ಆ ಅಕ್ಷರ ಬರುವ ಮಾತುಗಳನ್ನೇ ಬಿಟ್ಟು ಬರೆಯಿರಿ ಎಂದು ಮ್ಯಾನೇಜರು ಸಲಹೆ ಕೊಟ್ಟರು. ನೋಡಿದರೆ ಪರ್ಮಿಟ್ಟಿನಲ್ಲೂ ಅದಿತ್ತು, ಲೈಸೆನ್ಸಿನಲ್ಲೂ ಇತ್ತು. ಬಿಟ್ಟರೆ ಉಳಿಯುತ್ತಿದ್ದದ್ದು ಬಸ್, ಶಿಕಾರಿಪುರ, ಸೊರಬ, ಇಷ್ಟೇ.

ಎಲ್ಲ ಕಡೆ ಆ ಜಾಗ ಖಾಲಿ ಬಿಟ್ಟು ಟೈಪು ಮಾಡಿ, ಆಮೇಲೆ ಪೆನ್ನಿನಿಂದ ತುಂಬುವುದೆಂದು ನಿಶ್ಚಯಿಸಿದೆ. ಆಗ ಫಿಟ್ಟರು ಬಂದು, ಮಿಷನ್ನು ಬಿಗಿಯಾಗಿದೆ, ಅದಕ್ಕೇ ಅಕ್ಷರ ಬರುತ್ತಿಲ್ಲ ಎಂದ. ನಾನು ಬೇಡವೆನ್ನುವಷ್ಟರಲ್ಲಿ ಇಂಜಿನ್ ಆಯಿಲನ್ನು ಮೇಲಿನಿಂದ ಧಾರಾಳವಾಗಿ ಸುರಿದ. ಇನ್ನು ಮೆಲ್ಲಗೆ ಓಡಿಸಿ ನೋಡಿ ಎಂದು ಕೈ ಒರೆಸಿಕೊಂಡು ಹೋದ. ಮೆಲ್ಲಗೇ ಓಡಿಸಿದೆ. ಪ್ರತಿ ಅಕ್ಷರದ ಸುತ್ತಲೂ ಒಂದು ಕಪ್ಪು ಕೆರೆ ಹರಡಿತು. ರಾಜೀನಾಮೆ ಬರೆಯೋಣವೆಂದರೆ ಅದಕ್ಕೂ ಅದೇ ಮಿಷನ್ನು.

ಬೇರೆ ದಾರಿಯಿರಲಿಲ್ಲ. ನಾಲ್ಕು ಪುಟ ಹಾಗೆಯೇ ಹೊಡೆದು, ಬಿಟ್ಟ ಜಾಗಗಳಲ್ಲಿ ಒಂದೊಂದಾಗಿ ಆ ಅಕ್ಷರ ಬರೆದು, ಶಿವಮೊಗ್ಗಕ್ಕೆ ತೆಗೆದುಕೊಂಡು ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯವರು. ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಕನ್ನಡಕ ತೆಗೆದು ನೋಡಿದರು.

"ಇದ್ರಲ್ಲಿ ನಂಗೆ ಓದೋಕೆ ಬರ್ತಿರೋದು ನೀವು ಕೈಯಲ್ಲಿ ಬರೆದಿರೋ ಈ ಒಂದು ಅಕ್ಷರ ಮಾತ್ರ. ಹೊರಗೆ ಕೂತು ಮಿಕ್ಕಿದ್ದನ್ನೂ ಕೈಯಲ್ಲೇ ಬರ್ಕೊಂಡು ಬಂದ್ಬಿಡಿ."

೪. ಎಡಗೈಗೆ ಸಿಗುವುದು

ಅರ್ಜಿ ಸ್ವೀಕಾರವಾಯಿತು. ಹಳೆಯ ಪರವಾನಗಿಯ ಅಸಲು ಪ್ರತಿಯನ್ನು ಶುಕ್ರವಾರದೊಳಗೆ ತಂದು ತೋರಿಸಿ ಎಂದರು. ಅದು ಬೀರುವಿನಲ್ಲಿದೆ ಎಂದು ಧೈರ್ಯವಾಗಿ ಬಂದೆ.

ಮ್ಯಾನೇಜರು ಯಾವ ಕಟ್ಟಿನ ಮೇಲೂ ಹೆಸರು ಬರೆಯುತ್ತಿರಲಿಲ್ಲ. ಎಲ್ಲವೂ ಕೆಂಪು ಬಟ್ಟೆಯ ಕಟ್ಟುಗಳು, ನೋಡಲು ಒಂದೇ ಥರ. ಶಿಕಾರಿಪುರದಲ್ಲಿ ಅವರು ಕುರ್ಚಿ ಬಿಟ್ಟು ಏಳದೆ ಕೈ ಚಾಚಿ ಬೇಕಾದದ್ದನ್ನು ತೆಗೆಯುತ್ತಿದ್ದರು. ಎಡಗೈಗೆ ಕಿಟಕಿಯ ಬೀರು, ಬೆನ್ನಿಗೆ ಗೋಡೆಯ ಬೀರು, ಬಲಗೈಗೆ ಮೂಲೆಯ ಬೀರು. ಹೊಸ ಆಫೀಸಿನಲ್ಲಿ ಕಿಟಕಿ ಬಲಕ್ಕಿತ್ತು. ಅವರು ಎಡಗೈ ಚಾಚಿದರೆ ಬಾಗಿಲು ಸಿಗುತ್ತಿತ್ತು. ಕಟ್ಟುಗಳು ಬೀರುಗಳೊಳಗೆ ಮೊದಲಿದ್ದ ಕ್ರಮದಲ್ಲೇ ಬಂದಿದ್ದರೂ ಯಾವುದು ಎಲ್ಲಿ ಎಂದು ಅವರಿಗೆ ಹೊಳೆಯಲಿಲ್ಲ. ಬುಧವಾರವಿಡೀ ಒಂದೊಂದೇ ಕಟ್ಟು ಬಿಚ್ಚಿ, ಮತ್ತೆ ಕಟ್ಟಿ ಅಲ್ಲೇ ಇಟ್ಟೆವು, ಗೋಡೆಯ ಬೀರುವೇ ಮುಗಿಯಲಿಲ್ಲ. ಎಂದೋ ಗುಜರಿಗೆ ಹೋದ ಬಸ್ಸಿನ ಕಾಗದ ಸಿಕ್ಕಿತು, ಪರವಾನಗಿ ಸಿಗಲಿಲ್ಲ. ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅವರನ್ನು ಹಾಗೆ ಕಂಡದ್ದು ಅದೇ ಮೊದಲು.

"ನನ್ನನ್ನ ಅಲ್ಲಿಗೆ ಕರ್ಕೊಂಡ್ ಹೋಗ್ರಿ," ಎಂದರು. "ಅಲ್ಲಿ ಕೂತ್ರೆ ನೆನಪಾಗ್ತದ."

ಗುರುವಾರ ಬೆಳಗಿನ ಬಸ್ಸಿಗೆ ಹೊರಟೆವು. ನಮ್ಮ ಹಳೆಯ ಆಫೀಸು ಅಷ್ಟರಲ್ಲಿ ಹೋಟೆಲಾಗಿತ್ತು. ಮ್ಯಾನೇಜರ ಕುರ್ಚಿಯಿದ್ದ ಕಡೆ ಒಬ್ಬ ದನದ ದಲ್ಲಾಳಿ ಇಡ್ಲಿ ತಿನ್ನುತ್ತಿದ್ದ. ಸ್ವಲ್ಪ ಏಳ್ತೀರಾ, ಇದು ನನ್ನ ಜಾಗ ಎಂದು ಮ್ಯಾನೇಜರು ಕೇಳಿದ ರೀತಿಗೆ ಅವನು ತಟ್ಟೆ ಹಿಡಿದುಕೊಂಡೇ ಎದ್ದುಬಿಟ್ಟ. ಇವರು ಕೂತರು, ಕಣ್ಣು ಮುಚ್ಚಿದರು, ಎಡಗೈಯನ್ನು ಪಕ್ಕಕ್ಕೆ ಚಾಚಿ ಕೆಳಗಿಳಿಸಿದರು. ಬೀರುವಿದ್ದಲ್ಲಿ ಈಗ ಚಟ್ನಿಯ ಪಾತ್ರೆಯಿತ್ತು. ಕೈ ಮಣಿಕಟ್ಟಿನವರೆಗೆ ಇಳಿಯಿತು.

"ಸಿಕ್ತು," ಎಂದರು. "ಕಿಟಕಿ ಬೀರು, ಕೆಳಗಿನ ಅರೆ, ಎಡದಿಂದ ಮೂರನೇದು."

ಹೋಟೆಲಿನ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, ಇವರ ಮನೆಯಲ್ಲಿ ಯಾರೂ ಇಲ್ಲವೇ ಎಂದು ಕೇಳಿದರು. ಮ್ಯಾನೇಜರು ಕೈ ತೊಳೆಯಲು ಒಪ್ಪಲಿಲ್ಲ. ಕೈ ಇಳಿಸಿದರೆ ಮರೆತುಹೋದೀತು ಎಂದು ಸೊರಬದವರೆಗೂ ಹಾಗೆಯೇ ಚಾಚಿಕೊಂಡು ಬಂದರು. ಬಸ್ಸಿನಲ್ಲಿ ನಮ್ಮ ಹತ್ತಿರದ ಸೀಟುಗಳಿಗೆ ಯಾರೂ ಬರಲಿಲ್ಲ. ಇಳಿದವರೇ ಸೀದಾ ಬೀರುವಿಗೆ ಹೋಗಿ, ಅದೇ ಕೈಯಿಂದ ಮೂರನೆಯ ಕಟ್ಟನ್ನು ಎಳೆದರು. ಪರವಾನಗಿ ಅದರೊಳಗೇ ಇತ್ತು.

ಶುಕ್ರವಾರ ಶಿವಮೊಗ್ಗದಲ್ಲಿ ಆ ಅಧಿಕಾರಿ ಕಾಗದವನ್ನು ಓದಿದರು, ಆಮೇಲೆ ಮೂಗಿನ ಹತ್ತಿರ ಹಿಡಿದರು.

"ಇಂಗು ಸ್ವಲ್ಪ ಜಾಸ್ತಿಯಾಗಿದೆ," ಎಂದು ಸಹಿ ಹಾಕಿದರು.

೫. ಪೂರ್ತಿ ಪಟ್ಟಿ

ಲೈನು ಉಳಿಯಿತು. ಆದರೆ ಒಂದೊಂದು ಕಾಗದಕ್ಕೂ ಮ್ಯಾನೇಜರನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದು ಎಷ್ಟು ದಿನ? ಇವರ ತಲೆಯಲ್ಲಿರುವುದೆಲ್ಲ ಒಂದೇ ಸಲಕ್ಕೆ ಪುಸ್ತಕಕ್ಕೆ ಇಳಿದುಬಿಡಲಿ ಎಂದು ನಾನು ಸಾಹುಕಾರರನ್ನು ಕೇಳಿಕೊಂಡೆ. ಅವರು ಎರಡು ದಿನದ ರಜೆ ಕೊಟ್ಟರು.

ನಾವಿಬ್ಬರೂ ಎರಡು ದಿನವೂ ಆ ಹೋಟೆಲಿನಲ್ಲಿ ಕೂತೆವು. ಮಾಲೀಕರು ಇಷ್ಟರಲ್ಲಿ ನಮ್ಮನ್ನು ಅರ್ಥಮಾಡಿಕೊಂಡಿದ್ದರು. ಯಾರಾದರೂ ಆ ಕುರ್ಚಿಗೆ ಹೋದರೆ ಬೇರೆ ಕಡೆ ಕೂರಿಸುತ್ತಿದ್ದರು, ಚಟ್ನಿಯ ಪಾತ್ರೆಗೆ ಮುಚ್ಚಳವೂ ಬಂದಿತ್ತು. ಮ್ಯಾನೇಜರು ಕಣ್ಣು ಮುಚ್ಚಿ ಕೈ ಆಡಿಸುತ್ತಾ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಯಾವ ಬೀರು, ಯಾವ ಅರೆ, ಎಷ್ಟನೆಯ ಕಟ್ಟು, ಅದರೊಳಗೆ ಏನೇನು. ಒಂದು ಕಡೆಯೂ ತಡವರಿಸಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೊನೆಯ ಕಟ್ಟು ಹೇಳಿ ಕಣ್ಣು ಬಿಟ್ಟಾಗ ಅವರ ಮುಖ ಹಗುರವಾಗಿತ್ತು. ನಾನು ಇನ್ನು ಸತ್ತರೂ ಕಂಪನಿ ನಡೆಯುತ್ತದೆ ಎಂದರು. ದಾರಿಯುದ್ದಕ್ಕೂ ಆ ಪುಸ್ತಕವನ್ನು ನಾನು ಎದೆಗವಚಿಕೊಂಡೇ ಬಂದೆ.

ಸೊರಬದಲ್ಲಿ ಸಾಹುಕಾರರು ಬಾಗಿಲಲ್ಲೇ ಕಾಯುತ್ತಿದ್ದರು. ನಾವು ಅಲ್ಲಿ ಅಷ್ಟು ಕಷ್ಟಪಡುತ್ತಿರುವಾಗ ತಾವು ಸುಮ್ಮನೆ ಕೂರುವುದು ಸರಿಯಲ್ಲ ಅನ್ನಿಸಿತಂತೆ. ಫಿಟ್ಟರನ್ನು ಕರೆಸಿ, ಮೂರೂ ಬೀರು ಖಾಲಿ ಮಾಡಿಸಿ, ಧೂಳು ಹೊಡೆಸಿ, ಎಲ್ಲವನ್ನೂ ಹೊಸದಾಗಿ ಜೋಡಿಸಿದ್ದರು.

"ದಪ್ಪದ್ದೆಲ್ಲ ಕೆಳಗೆ, ತೆಳ್ಳಂದು ಮೇಲೆ. ಈಗ ನೋಡೋಕೆ ಎಷ್ಟು ಚೆಂದ ಆಯ್ತು, ಅಲ್ವಾ?"

ಮ್ಯಾನೇಜರು ಮೂರೂ ಬೀರುಗಳನ್ನು ನೋಡಿದರು. ಮೂಲೆಯಲ್ಲಿಟ್ಟ ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದರು. ಶಿಕಾರಿಪುರಕ್ಕೆ ವಾಪಸು ಹೋಗುವ ನಮ್ಮ ಬಸ್ಸು ಹೊರಡುವುದರಲ್ಲಿತ್ತು. ಅವರು ಅದನ್ನು ಹತ್ತುತ್ತಿದ್ದುದನ್ನು ಕಂಡು ನಾನು ಹಿಂದೆಯೇ ಓಡಿದೆ. ಎಲ್ಲಿಗೆ ಹೊರಟಿರಿ ಎಂದರೆ ಹೋಟೆಲಿಗೆ ಎಂದರು. ಇನ್ನು ಅಲ್ಲಿಗೆ ಹೋಗಿ ಏನು ಪ್ರಯೋಜನ, ಒಂದು ಕಟ್ಟೂ ಇದ್ದ ಜಾಗದಲ್ಲಿಲ್ಲವಲ್ಲ ಎಂದೆ.

ಮ್ಯಾನೇಜರು ಫುಟ್‌ಬೋರ್ಡಿನ ಮೇಲಿಂದ ತಿರುಗಿ ನನ್ನನ್ನು ಮರುಕದಿಂದ ನೋಡಿದರು.

"ಇಲ್ಲಿಲ್ರಿ. ಅಲ್ಲಿ ಎಲ್ಲಾ ಇದ್ದಲ್ಲೇ ಐತಿ."