ಬೀಡಿ ಗಾತ್ರದ ಬಫರ್

ಸೆಮಿ ಆಟೋಮ್ಯಾಟಿಕ್ ರೈಫಲ್ಲನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಿಚ್ಚಿ, ಮತ್ತೆ ಜೋಡಿಸಿ, ಹತ್ತಕ್ಕೆ ಹತ್ತು ಗುರಿ ಹೊಡೆಯುವವನು ಕೆಜಿಎಫ್‌ನಿಂದ ಬಂಗಾರಪೇಟೆವರೆಗೆ ನಾನೊಬ್ಬನೇ.

ಸುಳ್ಳು. ನಾನು ರೈಫಲ್ ಕ್ಲಬ್ಬಿನಲ್ಲಿ ಗುರಿ ಹಲಗೆಗೆ ಕಾಗದ ಅಂಟಿಸುವವನು. ಒಂದೇ ಒಂದು ಸಲ ರೈಫಲ್ ಒರೆಸಲು ಕೊಟ್ಟಿದ್ದರು. ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆ. ಅವತ್ತಿನಿಂದ ಅದರ ಪೆಟ್ಟಿಗೆಯ ಕಡೆ ನೋಡಿದರೂ ಬೈಯುತ್ತಾರೆ.

ನಾವು ಗುರಿ ಹೊಡೆಯುವ ರೇಂಜು ಇರುವುದು ನಂದಿದುರ್ಗ ಗಣಿಯ ಲೈನು ಮನೆಗಳು ಮುಗಿದ ಮೇಲೆ, ಸಯನೈಡ್ ದಿಬ್ಬಕ್ಕೆ ಎದುರಾಗಿ. ಹೊಡೆದ ಗುಂಡೆಲ್ಲ ದಿಬ್ಬದೊಳಗೆ ಹೋಗುತ್ತದೆ. ನಮ್ಮ ತಾತಂದಿರು ಚಿನ್ನ ಸೋಸಿ ಎಸೆದ ಮಣ್ಣಿಗೆ ನಾವು ಸೀಸ ತುಂಬುತ್ತಿದ್ದೇವೆ. ಇಂಥ ಜಾಗದಲ್ಲಿ ಕೆಲಸ ಮಾಡುವವನಿಗೆ ದಿನಕ್ಕೊಂದು ಎಡವಟ್ಟು ಆಗದಿದ್ದರೆ ಸಂಜೆ ಮನೆಗೆ ಹೋಗುವಾಗ ಏನೋ ಮರೆತಂತೆ ಅನ್ನಿಸುತ್ತದೆ. ಆದರೆ ಒಂದೇ ಪದ ಹಿಡಿದುಕೊಂಡು ಹದಿನೈದು ದಿನ ಇಡೀ ಊರು ಗೊಂದಲಪಟ್ಟದ್ದು ಈ ಬಫರ್ ವಿಷಯದಲ್ಲಿ ಮಾತ್ರ.

೧. ಭುಜಕ್ಕೋ, ಕಬ್ಬಿಣಕ್ಕೋ

ಕ್ಲಬ್ಬಿನಲ್ಲಿ ಇರುವುದು ಒಂದೇ ಸೆಮಿ ಆಟೋಮ್ಯಾಟಿಕ್ಕು. ಅದನ್ನು ನೋಡಿಕೊಳ್ಳುವವರು ನಿವೃತ್ತ ಸುಬೇದಾರರು. ಬಂಗಾರಪೇಟೆ ಪಕ್ಕದ ಹಳ್ಳಿಯವರು. ಮನೆಯಲ್ಲಿ ಎರಡು ಸೀಮೆ ಹಸು, ಇಲ್ಲಿ ಒಂದು ರೈಫಲ್ಲು. ಹಾಲು ಕರೆಯುವಾಗ ರೈಫಲ್ ಬಗ್ಗೆ ಯೋಚಿಸುತ್ತಾರಂತೆ. ರೈಫಲ್ ಹಿಡಿದಾಗ ಹಸುವಿನ ಬಗ್ಗೆ ಯೋಚಿಸಿದ್ದನ್ನು ನಾನು ಕಂಡಿಲ್ಲ.

ಒಂದು ದಿನ ರೈಫಲ್ಲು ನಡುವೆಯೇ ಸಿಕ್ಕಿಕೊಂಡು ನಿಂತಿತು. ಸುಬೇದಾರರು ಬಿಚ್ಚಿ ನೋಡಿದರು. ಒಳಗಿಂದ ಕರೀ ಪುಡಿ ಉದುರಿತು.

"ಬಫರ್ ಓಯ್ತು ಕಣ್ಲಾ."

"ಅಂದ್ರೇನು ಸಾರ್?"

"ಗುಂಡು ಮುಂದಕ್ಕೆ ಓಯ್ತದೆ. ಒಳಗಡೆ ಇರೋ ಬೋಲ್ಟು ಇಂದಕ್ಕೆ ಓಡಿ ಬತ್ತದೆ. ಬಂದು ಕಬ್ಬಿಣಕ್ಕೆ ಕಬ್ಬಿಣ ಗುದ್ದಬಾರ್ದು ಅಂತ ಮಧ್ಯ ಒಂದು ರಬ್ಬರ್ ತುಂಡು ಇರ್ತದೆ. ಬೀಡಿಯಷ್ಟುದ್ದ. ಅದೇ ಬಫರ್ರು."

ಅವರು ಹೇಳಿದ್ದು ಇಷ್ಟು ಸ್ಪಷ್ಟ. ನನಗೆ ಅರ್ಥವಾದದ್ದು ಮಾತ್ರ, ಗುಂಡು ಹೊಡೆದಾಗ ಭುಜಕ್ಕೆ ಪೆಟ್ಟು ಬೀಳದ ಹಾಗೆ ಇಟ್ಟುಕೊಳ್ಳುವ ಮೆತ್ತೆ ಎಂದು. ಅದನ್ನೇ ಹೊಸದಾಗಿ ಸೇರಿದ್ದ ಬ್ಯಾಂಕಿನ ಮ್ಯಾನೇಜರರಿಗೂ ಹೇಳಿದೆ. "ಬಫರ್ ಇಲ್ದೆ ಹೊಡೆದ್ರೆ ಭುಜ ಹೋಗುತ್ತೆ ಸಾರ್. ಮನೆಯಿಂದ ತಂದ್ಬಿಡಿ. ಎಷ್ಟು ದೊಡ್ಡದಾದ್ರೆ ಅಷ್ಟು ಒಳ್ಳೇದು." ಅರ್ಥವಾಗದೆ ಹೇಳಿದೆನೋ, ತಮಾಷೆಗೆ ಹೇಳಿದೆನೋ ಎಂದು ಕೇಳಿದರೆ, ಅರ್ಧರ್ಧ.

ಮರುದಿನ ಮ್ಯಾನೇಜರರು ದಿಂಬಿನ ಸಮೇತ ಬಂದರು. ಹೂವಿನ ಕಸೂತಿ ಇರುವ ದಿಂಬು. ಅಂಗಿಯೊಳಗೆ ತುರುಕಿಕೊಂಡು, ಮಾಮೂಲಿ ರೈಫಲ್ ಕೈಗೆತ್ತಿಕೊಂಡು, ಮರಳು ಚೀಲದ ಮೇಲೆ ಬೋರಲು ಮಲಗಿದರು. ಸುಬೇದಾರರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನನ್ನು ಕೇಳಿದರು: "ಸಾಹೇಬ್ರು ಗುರಿ ಇಡಕ್ಕೆ ಬಂದವ್ರೋ, ಒಂದು ನಿದ್ದೆ ಮಾಡಿ ಓಗಕ್ಕೆ ಬಂದವ್ರೋ?"

೨. ಬಂಗಾರಪೇಟೆಯಲ್ಲಿ ಸಿಕ್ಕ ಬಫರ್

ನಗುವ ಹೊತ್ತಲ್ಲ ಎಂದು ಆಮೇಲೆ ಗೊತ್ತಾಯಿತು. ಕ್ಲಬ್ಬಿನ ಅಧ್ಯಕ್ಷರಿಗೆ ರೇಂಜಿನ ಮೇಲೆ ಬೇಸರ ಬಂದಿತ್ತು. ಬರುವವರು ಏಳೆಂಟು ಜನ, ಇರುವ ಒಂದು ಒಳ್ಳೆ ರೈಫಲ್ಲೂ ಕೆಟ್ಟು ಕೂತಿದೆ. ಇದನ್ನು ಮುಚ್ಚಿ ಬಲೆ ಕಟ್ಟಿ ಹಸಿರು ಚಾಪೆ ಹಾಸಿ ಕ್ರಿಕೆಟ್ ಟರ್ಫ್ ಮಾಡೋಣ ಎಂಬುದು ಅವರ ಯೋಚನೆ. ಎರಡು ವಾರ ಬಿಟ್ಟು ಬರುವ ಭಾನುವಾರ ಕಮಿಟಿ ಬರುತ್ತದೆ, ಸೆಮಿ ಆಟೋಮ್ಯಾಟಿಕ್ ಓಡಿದರೆ ನೋಡೋಣ, ಇಲ್ಲದಿದ್ದರೆ ಅವತ್ತೇ ಬೀಗ.

ಸುಬೇದಾರರು ಇದನ್ನು ಹೇಳಿ ರೈಫಲ್ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಕೂತರು. ನನ್ನ ಕೆಲಸವೂ ಹೋಗುತ್ತದೆ ಎಂದು ನನಗೆ ಹೊಳೆದದ್ದು ಆಮೇಲೆ. ಮೊದಲು ಕಂಡದ್ದು ಆ ಕೈ.

"ಬಂಗಾರಪೇಟೆ ಬಂದೂಕು ರಿಪೇರಿಯವನ ಅತ್ರ ಓಗು. ಅವನಿಗೆ ಲೈಸೆನ್ಸ್ ಐತೆ, ತರಿಸಿಕೊಡ್ತಾನೆ. ಬಫರ್ ಅನ್ನು, ಸಾಕು. ಬೇರೆ ಏನೂ ಮಾತಾಡ್‌ಬ್ಯಾಡ."

ಬಂಗಾರಪೇಟೆಯಲ್ಲಿ ಇಳಿದೆ. ಬೇರೆ ಏನೂ ಮಾತಾಡಬೇಡ ಎಂದಿದ್ದರಲ್ಲ, ಆಟೋದವನಿಗೂ "ಬಫರ್" ಎಂದಷ್ಟೇ ಹೇಳಿದೆ. ಅವನು ಒಂದು ಸಲ ನನ್ನ ಮುಖ ನೋಡಿ, ಸೀದಾ ತಂದು ರೈಲ್ವೆ ಯಾರ್ಡಿನ ಬೇಲಿ ಪಕ್ಕ ಇಳಿಸಿದ. ಬೇಲಿಯಾಚೆ ಹಳಿ ಕೆಲಸದವನೊಬ್ಬ ನೆರಳಲ್ಲಿ ಮುದ್ದೆ ಉಣ್ಣುತ್ತಿದ್ದ.

"ಅಣ್ಣ, ಬಫರ್ ಬೇಕಿತ್ತು."

ಅವನು ಕೈ ನೆಕ್ಕಿಕೊಂಡು ಹಳೆಯ ಬೋಗಿಯೊಂದರ ಮೂತಿ ತೋರಿಸಿದ. ಹಪ್ಪಳದ ಬಾಣಲೆಯಷ್ಟು ದೊಡ್ಡ ಎರಡು ಕಬ್ಬಿಣದ ತಟ್ಟೆಗಳು. "ಇದೇ ಬಫರು. ಏ ಬೋಗಿಕಿ ಅನ್ನಾ?" ಎಂದು ತೆಲುಗಿನಲ್ಲಿ ಯಾವ ಬೋಗಿಗೆ ಎಂದು ಕೇಳಿದ.

"ಬೋಗಿಗಲ್ಲ, ತುಪಾಕಿಗೆ."

ಅವನು ಎದ್ದು ನಿಂತ. ಬಫರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, ನನಗೆ ಅರ್ಥವಾಗಲೇಬೇಕೆಂದು ಕನ್ನಡದಲ್ಲಿ ಕೇಳಿದ: "ಯುದ್ಧ ಯಾವಾಗಣ್ಣ?"

ರಿಪೇರಿಯವನ ಅಂಗಡಿ ಸ್ಟೇಷನ್ನಿನಿಂದ ಎರಡೇ ಬೀದಿ ಆಚೆಗಿತ್ತು. ಹತ್ತು ದಿನದಲ್ಲಿ ತರಿಸಿಕೊಡುತ್ತೇನೆ ಎಂದ. ಅವನ ಹತ್ತಿರ ಗೊಂದಲವೇ ಆಗಲಿಲ್ಲ, ಆದ್ದರಿಂದ ಹೇಳುವುದೇನೂ ಇಲ್ಲ.

೩. ಸುತ್ತುವ ಚಕ್ರ

ಆ ಹತ್ತು ದಿನ ಸುಬೇದಾರರಿಗೆ ಕೂರಲು ಆಗುತ್ತಿರಲಿಲ್ಲ. ಬಫರ್ ಬಂದರೂ ಈ ಮಾದರಿಯದಕ್ಕೆ ಕೂರಿಸುವುದು ಹೇಗೆ ಎಂಬ ಚಿಂತೆ. ಸೈನ್ಯದಲ್ಲಿ ಅವರು ಬಿಚ್ಚಿ ಜೋಡಿಸಿದ್ದು ಬೇರೆ ಜಾತಿಯವು. ರಿಪೇರಿಯವನು ಫೋನಿನಲ್ಲಿ ಒಂದು ವಿಡಿಯೋ ಕಳಿಸಿದ.

ಸುಬೇದಾರರು ಕನ್ನಡಕ ಹಾಕಿಕೊಂಡು, ನೋಟ್ ಪುಸ್ತಕ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಕೂತರು. ದಿಬ್ಬದ ಮಗ್ಗುಲಲ್ಲಿ ಸಿಗ್ನಲ್ ಬರುವುದು ಗಾಳಿ ಬೀಸಿದಾಗ ಮಾತ್ರ. ಪರದೆ ಕಪ್ಪಗಾಗಿ ನಡುವೆ ಒಂದು ಚಕ್ರ ಸುತ್ತತೊಡಗಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪದ. ಸುಬೇದಾರರು ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಬ... ಫ... ರಿಂಗ್. ಆಂ! ಬಫರ್ ರಿಂಗು! ನಾನು ಏಳ್ಲಿಲ್ವಾ? ಬಫರ್ ಜೊತೆ ರಿಂಗೂ ಬತ್ತದೆ. ನೋಡ್ಲಾ, ಎಂಗೆ ಸುತ್ತುತ್ತಾ ಕೂತ್ಕೊಳ್ತದೆ ಅಂತ ತೋರಿಸ್ತಾವ್ನೆ."

ಅದು ಸಿಗ್ನಲ್ಲಿಗೆ ಕಾಯುವ ಚಕ್ರ ಎಂದು ನಾನು ಹೇಳಬೇಕಿತ್ತು. ಬದಲಿಗೆ "ಎಡಗಡೆಯಿಂದ ಬಲಗಡೆಗೆ ಸುತ್ತುತ್ತೆ ಸಾರ್, ಬರ್ಕೊಳ್ಳಿ" ಎಂದೆ. ಬರೆದುಕೊಂಡರು. ಚಿತ್ರವನ್ನೂ ಬಿಡಿಸಿದರು. ಎಷ್ಟು ಸುತ್ತು ಎಂದು ಎಣಿಸತೊಡಗಿದರು. ನಲವತ್ತರ ಹತ್ತಿರ ಬಂದಾಗ ಗಾಳಿ ಬೀಸಿತು, ಚಕ್ರ ಹೋಗಿ ವಿಡಿಯೋ ಶುರುವಾಯಿತು. ಸುಬೇದಾರರು ಥಟ್ಟನೆ ಫೋನು ಮಗುಚಿ ಹಾಕಿ ನನ್ನನ್ನು ಗದರಿದರು: "ಯಾರ್ಲಾ ಅದು, ಮುಖ್ಯವಾದ್ದು ನೋಡ್ತಾ ಇದ್ರೆ ಮಧ್ಯ ಜಾಹೀರಾತು ಬಿಟ್ಟೋನು?"

೪. ಮನೆಯಲ್ಲಿ ಒಬ್ಬಳಿಗೆ ಗೊತ್ತಿತ್ತು

ಶುಕ್ರವಾರ ಬಂಗಾರಪೇಟೆಗೆ ಹೋಗಿ ಬಫರ್ ತಂದೆ. ಕಾಗದದ ಪೊಟ್ಟಣದಲ್ಲಿ ಸುತ್ತಿದ್ದ ಕರೀ ತುಂಡು. ಇಷ್ಟಕ್ಕೆ ಇಷ್ಟೊಂದು ರಂಪವೇ ಎನ್ನಿಸಿತು. ಅಂಗಿ ಜೇಬಿಗೆ ಹಾಕಿಕೊಂಡು ಆಂಡರ್ಸನ್‌ಪೇಟೆಯ ಮನೆಗೆ ಬಂದು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಮಲಗಿದೆ.

ಶನಿವಾರ ಬೆಳಿಗ್ಗೆ ಎದ್ದರೆ ಅಂಗಿ ತಂತಿಯ ಮೇಲೆ ಒದ್ದೆಯಾಗಿ ಒಣಗುತ್ತಿದೆ. ಜೇಬಿನಲ್ಲಿ ಏನೂ ಇಲ್ಲ. ಬೀದಿಯ ಚರಂಡಿಯಲ್ಲಿ ಕಡ್ಡಿ ಹಾಕಿ ಕೆದಕಿದೆ. ಕಸದ ಗಾಡಿಯ ಹಿಂದೆ ಮೂರು ಬೀದಿ ಓಡಿದೆ. ಹತ್ತು ಗಂಟೆಗೆ ಸುಬೇದಾರರೇ ಸ್ಕೂಟರಿನಲ್ಲಿ ಬಾಗಿಲಿಗೆ ಬಂದರು.

"ಎಲ್ಲಿ?"

ನಾನು ಸುಳ್ಳು ಹುಡುಕಿದೆ. ಜೀವನದಲ್ಲಿ ಮೊದಲ ಸಲ ಒಂದೂ ಸಿಗಲಿಲ್ಲ. "ಕಳೆದೋಯ್ತು ಸಾರ್."

ಸುಬೇದಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯ ಮೇಲೆ ಕೂತು, "ಆಯ್ತು ಬಿಡು, ಮನ್ಯಾಗೆ ಅಸುಗಳಾದ್ರೂ ಅವೆ" ಎಂದರು.

ಒಳಗೆ ಇಡ್ಲಿಗೆ ರುಬ್ಬುತ್ತಿದ್ದ ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನ್ರೀ ಹುಡುಕ್ತಾ ಇರೋದು? ಕಪ್ಪಗೆ, ಗಟ್ಟಿಯಾಗಿ, ಬೀಡಿ ಥರ ಇತ್ತಲ್ಲ, ಅದಾ?"

"ಎಲ್ಲೇ ಅದು?"

"ಗ್ರೈಂಡರ್ ಕಾಲು ಒಂದು ಗಿಡ್ಡ ಅಲ್ವಾ? ಓಡಿದ್ರೆ ಗಡಗಡ ಕುಣೀತಿತ್ತು. ಅದನ್ನ ಕೆಳಗೆ ಕೊಟ್ಟೆ. ಪೆಟ್ಟೆಲ್ಲ ಅದೇ ತಿಂತದೆ ನೋಡಿ, ಶಬ್ದನೇ ಇಲ್ಲ."

ನಾವಿಬ್ಬರೂ ಒಳಗೆ ಹೋದೆವು. ಅರ್ಧ ಸೇರು ಉದ್ದು ತುಂಬಿಕೊಂಡು ಗ್ರೈಂಡರು ಸದ್ದಿಲ್ಲದೆ ತಿರುಗುತ್ತಿತ್ತು. ಸುಬೇದಾರರು ಮಂಡಿಯೂರಿ ಕೆಳಗೆ ಇಣುಕಿ, ತುಂಡು ಹೊರಗೆಳೆದು, ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಬಿದ್ದಿರಲಿಲ್ಲ. ಎದ್ದು ನನ್ನ ಹೆಂಡತಿಗೆ ಕೈಮುಗಿದರು.

"ಇಡೀ ಕೆಜಿಎಫ್‌ನಾಗೆ ಬಫರ್ ಅಂದ್ರೇನು ಅಂತ ತಿಳ್ಕಂಡಿರೋದು ನೀನೊಬ್ಳೇ ಕಣಮ್ಮಾ. ಇವನನ್ನ ಇಂಗೇ ಯಾವುದಾದ್ರೂ ಕಾಲಿನ ಕೆಳಗೆ ಇಟ್ಬುಡು."

೫. ಕುಟುಂಬ ಸಮೇತ

ಅವತ್ತು ಮಧ್ಯಾಹ್ನ ರೈಫಲ್ ಸಿದ್ಧವಾಯಿತು. ಸುಬೇದಾರರು ಹೇಳಿದರು: "ನಾಳೆ ಕಮಿಟಿ ಮುಂದೆ ನಮ್ಮ ಮೆಂಬರ್‌ಗಳಾದ್ರೂ ನಾಲ್ಕು ಜನ ಇರ್ಲಿ. ಒಂದು ಮೆಸೇಜ್ ಆಕ್ಬುಡು. ಬಫರ್ ಬಂದೈತೆ ಅಂತ ಆಕು."

ಹಾಕಿದೆ: "ನಾಳೆ ಹನ್ನೊಂದು ಗಂಟೆಗೆ ರೇಂಜಿನಲ್ಲಿ ಬಫರ್ ಇದೆ. ಎಲ್ಲರೂ ಕುಟುಂಬ ಸಮೇತ ಬರಬೇಕು." ಕುಟುಂಬ ಸಮೇತ ಅಂತ ಯಾಕೆ ಹಾಕಿದೆ ಎಂದು ಕೇಳಬೇಡಿ, ಲಗ್ನಪತ್ರಿಕೆ ಓದಿ ಓದಿ ಕೈಗೆ ಬಂದುಬಿಟ್ಟಿದೆ. ಹಾಕಿದ್ದು ಕ್ಲಬ್ಬಿನ ಗುಂಪಿಗೆ ಬದಲು ನಮ್ಮ ಬೀದಿಯ ಗುಂಪಿಗೆ. ಅದು ಕೈತಪ್ಪೋ, ಕೈಚಳಕವೋ ಎಂದು ಹೆಂಡತಿ ಇನ್ನೂ ವಿಚಾರಣೆ ನಡೆಸುತ್ತಿದ್ದಾಳೆ.

ನೀವು ಈ ಕಡೆಯ ಮದುವೆಗೆ ಬಂದಿದ್ದರೆ ಗೊತ್ತಿರುತ್ತದೆ. ಎಲೆ ಹಾಕದೆ, ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಂಡು ತಿನ್ನುವ ಊಟ ಇದೆಯಲ್ಲ, ಬಫೆ, ಅದಕ್ಕೆ ನಮ್ಮಲ್ಲಿ ಯಾರೂ ಬಫೆ ಅನ್ನುವುದಿಲ್ಲ. ಬಫರ್ ಅನ್ನುತ್ತಾರೆ.

ಭಾನುವಾರ ಹತ್ತೂವರೆಗೇ ಸಾವಿರ ಜನ. ಹೋಗಲಿ, ಇನ್ನೂರು. ಆಂಡರ್ಸನ್‌ಪೇಟೆ ಪೂರ್ತಿ ಆಟೋ ಮಾಡಿಕೊಂಡು ಬಂದಿತ್ತು. ಪಕ್ಕದ ಕೋರಮಂಡಲ್‌ನಿಂದ ನೆಂಟರನ್ನು ಕರೆಸಿಕೊಂಡವರಿದ್ದರು. ಹೆಂಗಸರು ಮಲ್ಲಿಗೆ ಮುಡಿದಿದ್ದರು. ಮುನ್ನೆಚ್ಚರಿಕೆ ಇರುವವರು ಉಪ್ಪಿನಕಾಯಿಯನ್ನೂ ತಂದಿದ್ದರು. ಎಲ್ಲರನ್ನೂ ಹಗ್ಗದ ಹಿಂದೆ ನಿಲ್ಲಿಸುವುದರಲ್ಲಿ ನನ್ನ ಗಂಟಲು ಹೋಯಿತು.

ಅಧ್ಯಕ್ಷರು ಕಾರಿನಿಂದ ಇಳಿದು ನಿಂತೇಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಪೇಟದ ಯಜಮಾನರೊಬ್ಬರನ್ನು ಕೇಳಿದರು: "ಇಷ್ಟು ಜನ ಯಾಕೆ ಬಂದಿದ್ದೀರಿ?"

"ಬಫರ್‌ಗೆ ಸ್ವಾಮಿ."

"ಬಫರ್‌ಗಾ? ಬಫರ್ ವಿಷಯ ನಿಮಗೂ ಗೊತ್ತಾ?"

"ಗೊತ್ತಿಲ್ದೆ ಏನು? ಆಟೋ ಮಾಡ್ಕೊಂಡು ಬಂದಿವ್ನಿ."

ಪಕ್ಕದಲ್ಲಿದ್ದ ಅಜ್ಜಿ ಹೇಳಿದಳು: "ಬೇಗ ಶುರು ಮಾಡ್ರಪ್ಪಾ. ನಂಗೆ ಶುಗರ್ ಐತೆ, ತಡ್ಕಳಕ್ಕೆ ಆಗಕಿಲ್ಲ."

ಅಧ್ಯಕ್ಷರ ಕಣ್ಣು ತೇವವಾಯಿತು. ಕಾರ್ಯದರ್ಶಿಯ ಕಿವಿಯಲ್ಲಿ, "ಕಾಯಿಲೆ ಮನುಷ್ಯರೂ ಬಂದವ್ರಲ್ರೀ. ನಾವು ಇದನ್ನ ಮುಚ್ಚಕ್ಕೆ ಹೊರಟಿದ್ವಿ" ಎಂದರು.

ಸುಬೇದಾರರು ಇದಾವುದನ್ನೂ ನೋಡಲಿಲ್ಲ. ಬೋರಲು ಮಲಗಿ, ಉಸಿರು ಹಿಡಿದು ಒತ್ತಿದರು. ಒಂದು, ಎರಡು, ಮೂರು... ಹತ್ತು. ಒಂದೂ ಸಿಕ್ಕಿಕೊಳ್ಳಲಿಲ್ಲ. ಕಾಗದ ನೋಡಲು ಓಡಿದೆ. ಹತ್ತು ತೂತು, ಎಲ್ಲವನ್ನೂ ದೋಸೆ ಮಗುಚುವ ಒಂದು ಸಟ್ಟುಗದಲ್ಲಿ ಮುಚ್ಚಬಹುದು. ಎದ್ದು ನಿಂತ ಸುಬೇದಾರರು ಮುಖ ಒರೆಸಿಕೊಂಡರು, ಬೆವರು ಎಂದು ನಾನು ನಂಬಿದ್ದೇನೆ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆ ಪಟಾಕಿ ಹೊಡೆಯುವುದು ಇದ್ದದ್ದೇ ತಾನೆ.

ಅಧ್ಯಕ್ಷರು ಮೈಕಿಲ್ಲದೆಯೇ ಘೋಷಿಸಿದರು: "ರೇಂಜು ಮುಚ್ಚಲ್ಲ! ಸುಬೇದಾರರು ಇಲ್ಲೇ ಇರ್ತಾರೆ! ನಿಮ್ಮೆಲ್ಲರ ಆಸೆಯಂತೆ ಇನ್ಮೇಲೆ ವರ್ಷ ವರ್ಷ ಹೊಸಾ ಬಫರ್!"

ಅಂಥ ಶಿಳ್ಳೆ ದಿಬ್ಬ ಹುಟ್ಟಿದ ಮೇಲೆ ಕೇಳಿರಲಿಲ್ಲ. ಜನ ಹಗ್ಗ ಬಿಟ್ಟು ಸಾಲು ನಿಂತರು. ಸಾಲು ಸುಬೇದಾರರ ಮುಂದೆ ಬಂದು ನಿಂತಿತು. ಅಜ್ಜಿಯೇ ಮೊದಲು. "ತಟ್ಟೆ ಎಲ್ಲಪ್ಪಾ?"

ಸುಬೇದಾರರು ನನ್ನ ಕಡೆ ನೋಡಿದರು. ನಾನು ದಿಬ್ಬದ ಕಡೆ ನೋಡಿದೆ.

ಅಷ್ಟರಲ್ಲಿ ಕಾರ್ಯದರ್ಶಿ ಠರಾವು ಬರೆಯಲು ಪುಸ್ತಕ ಹಿಡಿದು ಬಂದ. ಅವನೂ ಆಂಡರ್ಸನ್‌ಪೇಟೆಯವನೇ. ಪೆನ್ನು ಜಾಡಿಸಿ ಸುಬೇದಾರರನ್ನು ಕೇಳಿದ: "ಸಾರ್, ಬಫರ್ ಕಡ್ಡಾಯ ಅಂತ ಹಾಕ್ಕೊಂಡಿದ್ದೀನಿ. ವೆಜ್ಜೋ, ನಾನ್‌ವೆಜ್ಜೋ?"

ಸುಬೇದಾರರು ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತು, ಸೈನ್ಯದ ದನಿಯಲ್ಲಿ ಹೇಳಿದರು:

"ರಬ್ಬರ್ ಅಂತ ಬರ್ಕೊ."

ಆಮೇಲೆ ಅಜ್ಜಿ ಏನಂದಳು ಅನ್ನುವುದು ಇನ್ನೂ ಚೆನ್ನಾಗಿದೆ. ಆದರೆ ಬಾಯಿ ಒಣಗಿದೆ, ಲೋಟ ಖಾಲಿಯಾಗಿದೆ, ಟೀ ಅಂಗಡಿ ಮಾಲೀಕ ನನ್ನನ್ನೇ ನೋಡುತ್ತಿದ್ದಾನೆ. ನನ್ನ ಟೀ ಕಾಸು ಸ್ವಲ್ಪ ನೀವೇ ಕೊಟ್ಟುಬಿಡಿ ಸ್ವಾಮಿ.