ಅರಿವಳಿಕೆ ಡಾಕ್ಟರಿಗೆ, ನಮ್ಮ ಮನೆಯವರನ್ನೆಲ್ಲ ಮಲಗಿಸಿದ ವಿಚಾರವಾಗಿ

ಮಾನ್ಯ ಡಾಕ್ಟರ್ ಶಿಶಿರ ಅವರೇ,

ನಮ್ಮ ಜಿಲ್ಲೆಯ ಗಡಿಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ದಿನವೂ ಜನರನ್ನು ನಿದ್ದೆಗೆ ಕಳಿಸಿ, ಅದಕ್ಕಿಂತ ಮುಖ್ಯವಾಗಿ ಮರಳಿ ಎಬ್ಬಿಸಿ, ಎದ್ದವರೆಲ್ಲ ಸರ್ಜನ್ನರಿಗೇ ಕೈ ಮುಗಿಯುವುದನ್ನು ಹಸಿರು ಟೊಪ್ಪಿಯ ಕೆಳಗಿನಿಂದ ನೋಡುತ್ತ ನಿಲ್ಲುವ ತಮಗೆ, ಕುಮಟಾ ತಾಲೂಕು ಕಚೇರಿಯ ಗುಮಾಸ್ತೆಯಾದ ಶ್ರೀಗೌರಿ ಮಾಡುವ ಅನಂತ ನಮಸ್ಕಾರಗಳು. ತಾವೂ ತಮ್ಮ ಕುಟುಂಬದವರೂ ತಮ್ಮ ಸಿಲಿಂಡರುಗಳೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವು ಅಷ್ಟೊಂದು ಕ್ಷೇಮವಾಗಿಲ್ಲ. ಅದಕ್ಕೆ ತಾವೇ ನೇರ ಹೊಣೆಗಾರರಾದ್ದರಿಂದ, ಊರಿನ ನಾಲ್ಕು ಜನರೂ ಓದಲಿ ಎಂದು ಈ ದೂರನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ನಿತ್ಯ ಎಷ್ಟೋ ಬಾಯಿಗಳೊಳಗೆ ಟಾರ್ಚು ಬಿಡುವ ತಮಗೆ ನಮ್ಮ ಮಗಳ ನೆನಪು ಉಳಿದಿದೆಯೋ ಇಲ್ಲವೋ ತಿಳಿಯದು. ಹೆಸರು ಅರ್ಚಿತಾ, ವಯಸ್ಸು ಐದು, ಡೌನ್ ಸಿಂಡ್ರೋಮ್ ಜೊತೆಗೆ ಹುಟ್ಟಿದವಳು, ಹಲ್ಲು ಮೂಡುವ ಮೊದಲೇ ಹೃದಯದ ತೂತು ಮುಚ್ಚಿಸಿಕೊಂಡವಳು, ತಲೆಗೆ ಎರಡು ಕ್ಲಿಪ್ಪು ಸಿಕ್ಕಿಸಿಕೊಳ್ಳದೆ ಹೊಸ್ತಿಲು ದಾಟದವಳು. ಅವಳ ಗಂಟಲಲ್ಲಿ ಟಾನ್ಸಿಲ್ಲುಗಳು ಎರಡು ಎಳೆ ಗೇರುಬೀಜಗಳಂತೆ ಊದಿ ಕೂತು, ಮಲಗಿದರೆ ಸಾಕು, ಕೊಂಕಣ ರೈಲ್ವೆಯ ಗೂಡ್ಸ್ ಗಾಡಿಯನ್ನು ನಾಚಿಸುವ ಗೊರಕೆ. ನೆಂಟರೆಲ್ಲ ನಗುತ್ತಿದ್ದುದು ಆ ಗೊರಕೆಗೆ. ನಾವು ಹೆದರುತ್ತಿದ್ದುದು ಅದು ನಿಂತಾಗ. ಉಸಿರು ಕಟ್ಟಿ, ತುಟಿ ಕಪ್ಪಿಟ್ಟು, ಆಮೇಲೆ ನೀರಿನಿಂದ ಮೇಲೆ ಬಂದವಳಂತೆ ಒಮ್ಮೆಲೇ ಎಳೆದುಕೊಳ್ಳುವಳು. ಅಂಗನವಾಡಿಯಲ್ಲಿ ಅನ್ನದ ತಟ್ಟೆಯ ಮುಂದೆಯೇ ತೂಕಡಿಸುವಳು. ಅವಳಿಗೆ ಕಲಿಯುವ ಮನಸ್ಸಿಲ್ಲ ಎಂದು ಅಲ್ಲಿಯವರು ಹೇಳುತ್ತಿದ್ದರು. ಇದ್ದದ್ದು ಮನಸ್ಸಿನ ಕೊರತೆಯಲ್ಲ, ನಿದ್ದೆಯ ಕೊರತೆ ಎಂದು ಕಂಡುಹಿಡಿದವರು ತಮ್ಮ ಆಸ್ಪತ್ರೆಯ ಗಂಟಲಿನ ಡಾಕ್ಟರು. ಟಾನ್ಸಿಲ್ ತೆಗೆಯಬೇಕೆಂದು ತೀರ್ಮಾನಿಸಿ, ಅದಕ್ಕೆ ಮೊದಲು ಹೃದಯದ ಸ್ಕ್ಯಾನು, ಕುತ್ತಿಗೆಯ ಎಕ್ಸ್‌ರೇ ಎಲ್ಲ ಮುಗಿಸಿ ತಮ್ಮನ್ನು ಕಾಣಲು ಹೇಳಿದರು. ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಅಲ್ಲಿಂದ.

ತಾವು ಅಂದು ಮಾಡಿದ ಮೊದಲ ತಪ್ಪೆಂದರೆ, ಕುರ್ಚಿ ಬಿಟ್ಟು ಕಾಲಿಟ್ಟು ಹತ್ತುವ ಗಿಡ್ಡ ಸ್ಟೂಲಿನ ಮೇಲೆ ಕೂತು, ನಮ್ಮನ್ನು ಬಿಟ್ಟು ಅವಳ ಜೊತೆ ಮಾತಾಡಿದ್ದು. ಅಲ್ಲಿಯವರೆಗೆ ಅವಳನ್ನು ನೋಡಿದ ಡಾಕ್ಟರುಗಳೆಲ್ಲ ಅವಳ ತಲೆಯ ಮೇಲಿನಿಂದಲೇ ನಮ್ಮನ್ನು ವಿಚಾರಿಸುತ್ತಿದ್ದರು. ಅವಳಿಗೂ ಅದು ಅಭ್ಯಾಸವಾಗಿ, ಆಸ್ಪತ್ರೆಯೆಂದರೆ ಕಿಟಕಿಯ ಹೊರಗಿನ ಕಾಗೆ ನೋಡುವ ಸ್ಥಳವೆಂದು ತಿಳಿದಿದ್ದಳು. ತಾವು ಮೆತ್ತನೆಯ ಒಂದು ಮಾಸ್ಕು ತೆಗೆದು, ಅದಕ್ಕೆ ಸ್ಟ್ರಾಬೆರಿಯ ವಾಸನೆ ಹಚ್ಚಿ, ಮೊದಲು ತಮ್ಮ ಮೂಗಿಗೆ ಹಿಡಿದುಕೊಂಡು ಆಮೇಲೆ ಅವಳ ಕೈಗೆ ಕೊಟ್ಟಿರಿ. ಇದನ್ನು ಹಾಕಿಕೊಂಡರೆ ನಿದ್ದೆ ಬರುತ್ತದೆ, ಎದ್ದಾಗ ಗಂಟಲು ಸ್ವಲ್ಪ ನೋಯುತ್ತದೆ ಎಂದು ಅವಳಿಗೇ ಹೇಳಿದಿರಿ. ನಮ್ಮ ಕಡೆ ತಿರುಗಿ ಹೇಳಿದ್ದು ಇಷ್ಟೇ: “ಇವಳಿಗೆ ಸುಳ್ಳು ಹೇಳಿ ಕರೆತರಬೇಡಿ. ಮಾಸ್ಕು ಮನೆಗೆ ಒಯ್ದು ದಿನಾ ಆಡಿಸಿ. ಇವಳು ನಿಧಾನವಾಗಿ ಕಲಿಯುತ್ತಾಳೆ, ಆದರೆ ಕಲಿತದ್ದನ್ನು ಬಿಡುವುದಿಲ್ಲ.”

ಈ ಕೊನೆಯ ಮಾತು ಎಷ್ಟು ನಿಜವೆಂದು ತಮಗೆ ಆಗಲೇ ಗೊತ್ತಿದ್ದರೆ, ಮುನ್ನೆಚ್ಚರಿಕೆ ಕೊಡಬೇಕಾದದ್ದು ತಮ್ಮ ಧರ್ಮವಾಗಿತ್ತು.

ಸುಳ್ಳು ಹೇಳಬಾರದೆಂಬ ತಮ್ಮ ಆಜ್ಞೆಗೆ ಮೊದಲು ಬಲಿಯಾದವರು ನಮ್ಮ ಅತ್ತೆ ಲಕ್ಷ್ಮೀ. ಅವರು ಮುರ್ಡೇಶ್ವರದ ಸಮುದ್ರ ನೋಡಲು ಹೋಗುವುದೆಂದು ಮೊಮ್ಮಗಳಿಗೆ ಅದಾಗಲೇ ಹೇಳಿಬಿಟ್ಟಿದ್ದರು. ಅದನ್ನು ಹಿಂದೆಗೆದುಕೊಳ್ಳಬೇಕೆಂದು ನಾನು ಕೇಳಿಕೊಂಡಾಗ, ಮಕ್ಕಳಿಗೆ ಹೇಳುವುದನ್ನೆಲ್ಲ ಸುಳ್ಳೆಂದು ಲೆಕ್ಕ ಹಿಡಿದರೆ ಲೋಕದಲ್ಲಿ ಒಂದು ಮಗುವೂ ಊಟ ಮಾಡುವುದಿಲ್ಲವೆಂದು ವಾದಿಸಿದರು. ಕೊನೆಗೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಮುದ್ರ ಇಲ್ಲೆ, ಆಸ್ಪತ್ರೆ ಇದ್ದು ಎಂದು, ಹೋಗುವುದು ಸಮುದ್ರಕ್ಕಲ್ಲವೆಂಬುದನ್ನು ಒಪ್ಪಿಕೊಂಡರು. ನಾನು ಸೊಸೆಯಾಗಿ ಬಂದಲ್ಲಿಂದ ಅವರು ಹಿಂದೆಗೆದುಕೊಂಡ ಏಕೈಕ ಹೇಳಿಕೆ ಅದು. ಈ ಒಂದು ಸಾಧನೆಗಾಗಿ ತಮಗೆ ಸನ್ಮಾನ ಮಾಡಬೇಕೆಂದು ನಾನು ಶಿಫಾರಸು ಮಾಡುತ್ತೇನೆ.

ಆಮೇಲೆ ನಡೆದದ್ದು ದೌರ್ಜನ್ಯ. ಮಾಸ್ಕನ್ನು ತಾನು ಹಾಕಿಕೊಂಡು ಅಭ್ಯಾಸ ಮಾಡಬೇಕಾದ ರೋಗಿ, ತಾನೇ ಡಾಕ್ಟರೆಂದು ನಿರ್ಧರಿಸಿ, ಕಣ್ಣಿಗೆ ಬಿದ್ದವರನ್ನೆಲ್ಲ ಮಲಗಿಸತೊಡಗಿದಳು. ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮಲಗಬೇಕು. ಗ್ಯಾಸು ತರುವವನು ಮಲಗಬೇಕು. ಮಿರ್ಜಾನದ ಕಡೆಯಿಂದ ಬುಟ್ಟಿ ಹೊತ್ತು ಸೊಪ್ಪು ತರಕಾರಿ ಮಾರಲು ಬರುವ ಕೊರಳ ತುಂಬ ಮಣಿಸರದ ಬಂಗಾರಿಗೆ, ಜಗಲಿಯಲ್ಲಿ ಅಡ್ಡಾಗಿ ಕಣ್ಣು ಮುಚ್ಚಿದ ಮೇಲೆಯೇ ಹರಿವೆ ಸೊಪ್ಪು ಇಳಿಸಲು ಪರವಾನಗಿ. ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆ ಎತ್ತಿ ಪರೀಕ್ಷೆಯಾಗುತ್ತಿತ್ತು. ನಗು ಬಂದರೆ ಮತ್ತೆ ಮೊದಲಿನಿಂದ. ನಮ್ಮ ಅತ್ತೆಯಂತೂ ಒಂದು ಮಧ್ಯಾಹ್ನ ಆಟಕ್ಕೆಂದು ಮಲಗಿದವರು ನಿಜವಾಗಿಯೂ ನಿದ್ದೆ ಹೋಗಿ, ಒಲೆಯ ಮೇಲಿದ್ದ ಹುಳಿ ತಳ ಹಿಡಿದು ಪಾತ್ರೆಯೇ ಹೋಯಿತು. ಅರ್ಚಿತಾ ಮಾತ್ರ ಅವರ ಪಕ್ಕ ಕೂತು, ತನ್ನ ಮೊದಲ ಯಶಸ್ವಿ ಪ್ರಕರಣವನ್ನು ಹೆಮ್ಮೆಯಿಂದ ಕಾಯುತ್ತಿದ್ದಳು.

ಮಲಗಲು ಒಪ್ಪದವರು ಮನೆಯಲ್ಲಿ ಒಬ್ಬರೇ, ಅವಳ ಅಪ್ಪ ಸುದರ್ಶನ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ, ಮಗಳು ಹೇಳಿದರೆ ಕುದುರೆಯೂ ಆಗುವ ಮನುಷ್ಯ, ಮಾಸ್ಕು ಕಂಡರೆ ಮಾತ್ರ ಪೇಪರು ತಿದ್ದುವುದಿದೆಯೆಂದು ಎದ್ದು ಹೋಗುತ್ತಿದ್ದರು. ಗೊರಕೆಗೆ ಯಾರಾದರೂ ಆಪರೇಶನ್ ಮಾಡಿಸುತ್ತಾರೆಯೇ, ದೊಡ್ಡವಳಾದರೆ ತಾನೇ ಸರಿಯಾಗಬಹುದು ಎಂದು ನಾನಾ ವಿಧವಾಗಿ ಮುಂದೂಡಲು ನೋಡಿದರು. ನನಗೆ ಕಾರಣ ಗೊತ್ತಿತ್ತು. ಹೃದಯದ ಶಸ್ತ್ರಚಿಕಿತ್ಸೆಯಾದಾಗ ಐಸಿಯು ಬಾಗಿಲಲ್ಲಿ ಯಾರೋ ಅವರ ಹೆಗಲು ಮುಟ್ಟಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಿದ್ದರು. ಮಗು ಉಳಿಯಿತು, ಬೆಳೆಯಿತು, ಆದರೆ ಆ ಕೈ ಇವರ ಹೆಗಲಿನಿಂದ ಇಳಿದಿರಲಿಲ್ಲ.

ಹೀಗಿದ್ದೂ ನಿಗದಿಯಾದ ದಿನಕ್ಕೆ ನಾವು ಹೊರಟೆವು. ಇಲ್ಲಿ ತಮ್ಮ ಮೇಲಿನ ಎರಡನೆಯ ಗಂಭೀರ ಆರೋಪ ಬರುತ್ತದೆ. ಅವಳು ಸ್ವತಃ ಹಾಸಿಗೆ ಹತ್ತಿ, ಆಸ್ಪತ್ರೆಯ ಅಂಗಿ ತೊಟ್ಟು, ಬೆಳಗಿನ ದೋಸೆ ಇಲ್ಲದ್ದನ್ನೂ ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಮಾಸ್ಕು ಹಿಡಿದು ಕೂತಿದ್ದಾಗ, ತಾವು ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಮೂಗು ನೋಡಿ, ಶೀತವಾಗಿದೆ, ಎದೆಯಲ್ಲಿ ಕಫವಿದೆ, ಈಗ ಅರಿವಳಿಕೆ ಕೊಡುವುದು ಅಪಾಯ, ವಾಸಿಯಾದ ಮೇಲೆ ಬನ್ನಿ ಎಂದಿರಿ. ತಮ್ಮ ನಿರ್ಧಾರ ಸರಿಯೆಂದು ನನಗೆ ಗೊತ್ತು. ಆದರೆ ಊರು ಕೇರಿಯನ್ನೆಲ್ಲ ಮಲಗಿಸಿ ಬಂದವಳಿಗೆ, ತನ್ನ ಸರದಿ ಬಂದಾಗ ನಿನ್ನನ್ನು ಮಲಗಿಸುವುದಿಲ್ಲ ಎಂದರೆ ಅದನ್ನು ಯಾವ ಮಾತಿನಲ್ಲಿ ತಿಳಿಸಬೇಕೆಂದು ತಾವು ಹೇಳಿಕೊಡಲಿಲ್ಲ. ಸ್ವಲ್ಪವಾದರೂ ಸುಳ್ಳು ಹೇಳಲು ಬಿಟ್ಟಿದ್ದರೆ ನಿಭಾಯಿಸುತ್ತಿದ್ದೆವು.

ಮರಳುವ ರೈಲಿನಲ್ಲಿ ಎದುರಿಗೆ ಭಟ್ಕಳದ ವಯಸ್ಸಾದ ಹೆಂಗಸೊಬ್ಬರು ಮಗನ ಜೊತೆ ಕೂತಿದ್ದರು. ತಮ್ಮ ನವಾಯತಿ ಭಾಷೆಯಲ್ಲಿ ಮಗನೊಡನೆಯೂ ಕನ್ನಡದಲ್ಲಿ ನಮ್ಮೊಡನೆಯೂ ಮಾತಾಡುತ್ತ, ನಡೆದದ್ದನ್ನೆಲ್ಲ ಕೇಳಿ ತಿಳಿದು, ನನ್ನನ್ನೂ ಮಲಗಿಸು ಎಂದು ಅರ್ಚಿತಾಳ ಮುಂದೆ ಮುಖ ಒಡ್ಡಿದರು. ಅವಳು ಅವರನ್ನು ಒಮ್ಮೆ ನೋಡಿ, ಮಾಸ್ಕನ್ನು ಸೀಟಿನ ಕೆಳಗೆ ಎಸೆದಳು. ಅದನ್ನು ಹೆಕ್ಕಿ, ತಮ್ಮ ದುಪಟ್ಟಾದಿಂದ ಒರೆಸಿ ನನ್ನ ಚೀಲಕ್ಕೆ ಹಾಕಿದವರು ಆ ತಾಯಿಯೇ. ಅವಳಿಗೆ ಸಿಟ್ಟು ಬಂದಿದೆ, ಬರಬೇಕಾದದ್ದೇ ಎಂದರು.

ಮನೆಗೆ ಬಂದ ಮೇಲೆ ಅವಳು ಮಾಸ್ಕು ಕಂಡರೆ ಬಾಗಿಲ ಸಂದಿಗೆ ಹೋಗಿ ನಿಲ್ಲತೊಡಗಿದಳು. ಶೀತ ವಾಸಿಯಾಯಿತು, ಹೊಸ ದಿನವೂ ಗೊತ್ತಾಯಿತು. ಚಿತ್ರ ತೋರಿಸಿದೆ, ಬಂಗಾರಿ ಬುಟ್ಟಿ ಇಳಿಸಿ ತಾನಾಗಿಯೇ ಮಲಗಿ ಹಾಡಿದಳು, ಅತ್ತೆ ಇನ್ನೊಂದು ಪಾತ್ರೆ ಸುಡಲೂ ತಯಾರೆಂದರು. ಯಾವುದೂ ನಡೆಯಲಿಲ್ಲ. ಹೆದರಿದ ಮಗುವನ್ನು ನಾಲ್ಕು ಜನ ಹಿಡಿದು ಮಲಗಿಸುವ ಚಿತ್ರ ನನ್ನ ಕಣ್ಣ ಮುಂದೆ ಬರುತ್ತಿತ್ತು. ಹೃದಯಕ್ಕೆ ಹೊಲಿಗೆ ಬಿದ್ದಿರುವ, ಕುತ್ತಿಗೆಯ ಕೀಲು ಸಡಿಲವಿರುವ ಮಗುವನ್ನು ಹಾಗೆ ಹಿಡಿಯಬಾರದೆಂದು ತಾವೇ ಹೇಳಿದ್ದಿರಿ.

ಆ ಭಾನುವಾರ ಸುದರ್ಶನ ಪೇಪರಿನ ಕಟ್ಟು ಬದಿಗಿಟ್ಟು, ನನ್ನ ಚೀಲದಿಂದ ಮಾಸ್ಕು ತೆಗೆದು, ನಡುಮನೆಯ ನೆಲದ ಮೇಲೆ ಅಂಗಾತ ಮಲಗಿದರು. ಆಟದ ದನಿಯಲ್ಲಲ್ಲ, ನನ್ನೊಡನೆ ಮಾತಾಡುವ ದನಿಯಲ್ಲೇ, ಬಾಗಿಲ ಸಂದಿಯ ಕಡೆಗೆ ಹೇಳಿದರು: “ಕೂಸೆ, ನಂಗೆ ಇದು ಕಂಡ್ರೆ ಹೆದರಿಕೆ ಆಗ್ತು. ರಾಶಿ ಹೆದರಿಕೆ.”

ಐದು ವರ್ಷದಲ್ಲಿ ನನಗೂ ಹೇಳದ ಮಾತದು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಅರ್ಚಿತಾ ಸಂದಿಯಿಂದ ಹೊರಬಂದು, ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿ, ಪಕ್ಕದಲ್ಲಿ ಕೂತು ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಹೆದರಡ,” ಎಂದಳು. “ನಾ ಇದ್ದಿ.”

ಆಮೇಲೆ ಮಾಸ್ಕನ್ನು ಅವರ ಮೂಗಿಗೆ ಹಿಡಿದಳು. ಅವರ ಕಣ್ಣ ಅಂಚಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿದ್ದರೂ ಕಣ್ಣು ಮುಚ್ಚಿದರು. ರೆಪ್ಪೆ ಎತ್ತಿ ನೋಡಿದಳು, ತೃಪ್ತಿಯಾಯಿತು. ನಂತರ ತಾನೇ ಹಾಕಿಕೊಂಡು ಅವರ ತೋಳಿನ ಮೇಲೆ ಮಲಗಿದಳು.

ಎರಡನೆಯ ಸಲ ಬಂದಾಗ ಅವರನ್ನು ಒಳಗೆ ಬಿಟ್ಟು, ಹಸಿರು ಗೌನು ತೊಡಿಸಿ, ಅವಳಿಗೆ ನಿದ್ದೆ ಬರುವವರೆಗೂ ಜೊತೆಯಲ್ಲಿ ನಿಲ್ಲಲು ತಾವು ಅವಕಾಶ ಕೊಟ್ಟಿರಿ. ನಾನು ಹೊರಗೆ ಬೆಂಚಿನ ಮೇಲೆ, ಮೊಮ್ಮಗಳು ತಿಂದಿಲ್ಲವೆಂದು ತಾವೂ ತಿನ್ನದೆ ಕೂತಿದ್ದ ಅತ್ತೆಯ ಪಕ್ಕದಲ್ಲಿದ್ದೆ. ಏಕಾದಶಿಗೂ ಅವಲಕ್ಕಿಯ ನೆಪ ಹುಡುಕುವವರು ಅವರು. ಬಾಗಿಲು ತೆರೆದು ಸುದರ್ಶನ ಬಂದಾಗ ಎಂತಾತು ಎಂದು ಕೇಳುತ್ತ ಎದ್ದು ನಿಂತೆ. ಅಳಲಿಲ್ಲವಂತೆ, ಹಿಡಿಯಬೇಕಾಗಲಿಲ್ಲವಂತೆ, ತಮ್ಮ ಕೈಯಿಂದ ಮಾಸ್ಕು ಕಿತ್ತುಕೊಂಡು ತಾನೇ ಹಿಡಿದುಕೊಂಡಳಂತೆ. ಅಷ್ಟು ಹೇಳಿ ಆ ಹಸಿರು ಗೌನಿನಲ್ಲೇ ನೆಲಕ್ಕೆ ಕೂತು ಅತ್ತರು. ಅತ್ತೆ ಮಗನ ತಲೆ ಸವರಿದರು. ಒಳಗಿನಿಂದ ಕರೆ ಬರುವವರೆಗೆ ನಾವು ಮೂವರೂ ಹಾಗೆಯೇ ಇದ್ದೆವು.

ಎಚ್ಚರವಾದ ಮೇಲೆ ತಾವು ಅವಳನ್ನು ನೋಡಲು ಬಂದಾಗ ನಡೆದದ್ದು ತಮಗೆ ನೆನಪಿರಬಹುದು. ಮಾತಾಡಬಾರದೆಂದು ಹೇಳಿದ್ದರೂ ಅವಳು ಎದ್ದು ಕೂತು, ಬೆರಳು ತೋರಿಸಿ, ಹರಿದ ದನಿಯಲ್ಲಿ ತಮ್ಮ ಮೇಲೆ ತೀರ್ಪು ಕೊಟ್ಟಳು: “ಸ್ವಲ್ಪ ಅಲ್ಲ. ರಾಶಿ ನೋವಾತು.” ಸುಳ್ಳು ಹೇಳಬಾರದೆಂದು ಊರಿಗೆಲ್ಲ ಬೋಧಿಸುವವರು ಸಿಕ್ಕಿಬಿದ್ದದ್ದನ್ನು ಕಂಡು ನಮ್ಮ ಅತ್ತೆಗೆ ಆದ ಸಂತೋಷವನ್ನು ವರ್ಣಿಸಲಾರೆ. ತಾವು ತಪ್ಪೊಪ್ಪಿಕೊಂಡು ಕೈ ಮುಗಿದಿರಿ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ದಾಖಲಿಸುತ್ತೇನೆ.

ಇನ್ನು ಸದ್ಯದ ಪರಿಸ್ಥಿತಿ. ಅರ್ಚಿತಾ ನೆಟ್ಟಗೆ ನಿದ್ದೆ ಮಾಡುತ್ತಾಳೆ, ಆದ್ದರಿಂದ ನೆಟ್ಟಗೆ ಏಳುತ್ತಾಳೆ, ಅದೂ ಹಾಲಿನವನಿಗಿಂತ ಮೊದಲು. ಹೊನ್ನಾವರದ ನೆಂಟರ ಮನೆಗೆ ಹೋದರೆ ಅಲ್ಲಿಯ ಬೆಕ್ಕೇ ಊರು ಬಿಡಲು ಯೋಚಿಸುತ್ತದೆ. ಅಂಗನವಾಡಿಯಲ್ಲಿ ಈಗ ತೂಕಡಿಸುತ್ತಿರುವವರು ಟೀಚರ್. ಆದಕಾರಣ ತಾವು ದಯಮಾಡಿ ಒಮ್ಮೆ ಕುಮಟೆಗೆ ಬಂದು, ಈ ಉತ್ಸಾಹದಲ್ಲಿ ನಾಲ್ಕಾಣೆಯಷ್ಟನ್ನು ವಾಪಸು ತೆಗೆದುಕೊಂಡು ಹೋಗಬೇಕು, ಅಥವಾ ಅದನ್ನು ಮನೆಯ ಉಳಿದ ಮೂವರಿಗೂ ಸಮನಾಗಿ ಹಂಚಿಕೊಡಬೇಕು. ಹಾಗೆಯೇ, ಇಂಥ ಒಂದು ಆಸ್ಪತ್ರೆಯನ್ನು ಬರುವಾಗ ಜೊತೆಯಲ್ಲೇ ತಂದು ನಮ್ಮ ಜಿಲ್ಲೆಯಲ್ಲಿ ಎಲ್ಲಾದರೂ ಇಳಿಸಿ ಹೋದರೆ, ಶೀತವಾದ ಮಕ್ಕಳು ರೈಲಿನಲ್ಲಿ ಸಿಟ್ಟು ಮಾಡಿಕೊಂಡು ಭಟ್ಕಳ ದಾಟುವುದು ತಪ್ಪುತ್ತದೆ.

ಇಷ್ಟೆಲ್ಲ ತೊಂದರೆ ಕೊಟ್ಟರೂ ದಿನಕ್ಕೊಮ್ಮೆ ತಮ್ಮನ್ನು ನೆನೆಯದೆ ಇರಲಾರದ,

ತಮ್ಮ ವಿಶ್ವಾಸಿ,
ಶ್ರೀಗೌರಿ
ಕುಮಟಾ

ತಾ.ಕ.: ತಮ್ಮ ಹೊರಾಂಗಣದಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿದ್ದ ಚಿನ್ನದ ಕನ್ನಡಕದ ಮಹನೀಯರೊಬ್ಬರು, ಮಗಳನ್ನು ಒಮ್ಮೆ ನೋಡಿ, ಇಂಥ ಮಕ್ಕಳಿಗೂ ಇಷ್ಟೆಲ್ಲ ಮಾಡಿಸಬೇಕೇ ಎಂದು ಬಹಳ ಕನಿಕರದಿಂದ ನನ್ನನ್ನು ಕೇಳಿದರು. ಉತ್ತರ ಹೊಳೆಯುವ ಮೊದಲೇ ಅವರನ್ನು ಒಳಗೆ ಕರೆದರು. ಅರ್ಚಿತಾ ಕೈಬೀಸಿ ಟಾಟಾ ಮಾಡಿದಳು. ಈಗ ಉತ್ತರ ಹೊಳೆದಿದೆ. ದಯವಿಟ್ಟು ಅವರ ವಿಳಾಸ ಕಳಿಸಿಕೊಡಿ. ಅವರಿಗೆ ಬರೆಯುವ ಪತ್ರ ಇಷ್ಟು ವಿನಯದಿಂದ ಇರುವುದಿಲ್ಲ.