ಸಂಜೀವಯ್ಯನವರು ಉಪ್ಪು ಹೇಳಿದ್ದು

ಇಟ್ಟಮಡುವಿನ ಸಂಜೀವಯ್ಯನವರ ಮನೆಯಲ್ಲಿ ಭಾನುವಾರದ ಬಾಡೂಟಕ್ಕೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರವು ಮನೆತನದ ಹಿರಿಯ ಗಂಡಸಿಗೆ ಸೇರಿದೆ. ಅಡುಗೆ ಮಾಡಿದವರು ರುಚಿ ನೋಡುವಂತಿಲ್ಲ. ಹಿರಿಯರಿಗೆ ಎಡೆ ಇಡುವ ಹಬ್ಬದ ಈ ಪದ್ಧತಿ ಯಾವಾಗಲೋ ಎಲ್ಲ ಭಾನುವಾರಗಳಿಗೂ ವಿಸ್ತರಣೆಯಾಯಿತು. ಯಾರು ವಿಸ್ತರಿಸಿದರು ಅಂತ ಕೇಳಿದವರಿಲ್ಲ. ಸಾರು ಒಲೆಯಿಂದಿಳಿದ ಮೇಲೆ ಒಂದು ಬಟ್ಟಲು ಹಿರಿಯರ ಮುಂದೆ ಬರುತ್ತದೆ. ಅವರು ಕುಡಿದು, ಕಣ್ಣು ಮುಚ್ಚಿ, ‘ಇನ್ನೊಂದು ಚಿಟಿಕೆ’ ಅಂತಲೋ ‘ಸಾಕು’ ಅಂತಲೋ ಅನ್ನುತ್ತಾರೆ. ಇದಕ್ಕೆ ಉಪ್ಪು ಹೇಳುವುದು ಎಂದು ಹೆಸರು. ಒಮ್ಮೆ ಹೇಳಿದ ಮೇಲೆ ಯಾರೂ ಉಪ್ಪಿಗಾಗಿ ಕೈ ಚಾಚುವಂತಿಲ್ಲ. ಚಾಚಿದರೆ ಗೋಡೆಯ ಮೇಲಿನ ಫೋಟೋಗಳಲ್ಲಿರುವ ಅಜ್ಜಂದಿರೆಲ್ಲ ನೊಂದುಕೊಳ್ಳುತ್ತಾರೆ.

ಅಪ್ಪನ ಕಾಲದಲ್ಲಿ ಬಟ್ಟಲಲ್ಲಿ ಬರೀ ಸಾರಿರುತ್ತಿತ್ತು. ಸಂಜೀವಯ್ಯನವರ ಕಾಲಕ್ಕೆ, ಉಪ್ಪು ಮೂಳೆಯೊಳಗೂ ಇಳಿದಿದೆಯೇ ಎಂದು ಪರಿಶೀಲಿಸಬೇಕಾದ್ದರಿಂದ, ನಲ್ಲಿ ಮೂಳೆ ಸೇರಿತು. ಆಮೇಲೆ ಲಿವರು. ಹಾಗೆ ನೋಡಿದರೆ ಪರಿಶೀಲನೆ ಮುಗಿಯುವ ಹೊತ್ತಿಗೆ ಅವರ ಊಟವೂ ಮುಗಿದಿರುತ್ತಿತ್ತು. ಆಮೇಲೆ ಮಾಡುತ್ತಿದ್ದದ್ದು ಎರಡನೆಯ ಊಟ. ಹೆಂಡತಿ ಯಲ್ಲಮ್ಮನವರಂತೂ ಸಾರಿಗೆ ಉಪ್ಪನ್ನೇ ಹಾಕದೆ ಬಟ್ಟಲು ಕಳಿಸುತ್ತಿದ್ದರು. ಹಾಕಿದ್ದನ್ನು ತೆಗೆಯೋಕಾಗಲ್ಲ, ಹಾಕದೆ ಇದ್ದದ್ದನ್ನು ಯಾವಾಗ ಬೇಕಾದರೂ ಹಾಕಬಹುದು ಎಂಬುದು ಅವರ ಅನುಭವ.

ಇಂಥ ಮನೆಯಲ್ಲಿ ಸಂಜೀವಯ್ಯನವರು ವೀಗನ್ ಆದದ್ದು ಒಂದು ಮೇಕೆಯ ಶಿಸ್ತಿನಿಂದ.

ಅವರು ಮುದ್ರೆ ಪರಿಶೀಲನಾ ನಿರ್ದೇಶನಾಲಯದಿಂದ ನಿವೃತ್ತರಾದವರು. ಲಕೋಟೆ ಹಿಡಿದು ಬಂದ ಜನರನ್ನು ಸಾಲಿನಲ್ಲಿ ನಿಲ್ಲಿಸುವುದರಲ್ಲೇ ಆಯುಷ್ಯ ಸವೆಸಿದವರು, ಒಬ್ಬರೂ ನೆಟ್ಟಗೆ ನಿಂತದ್ದನ್ನು ಕಾಣದವರು. ಅವತ್ತು ಮಟನ್ ಅಂಗಡಿಯ ಸಾಲಿನಲ್ಲಿ ಹಿಂತಿರುಗಿ ನೋಡುತ್ತಾರೆ, ಬೆನ್ನ ಹಿಂದೆ ಮೇಕೆ. ಕಟ್ಟಿಲ್ಲ, ಹಿಡಿದಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಹೋದರೆ ಅದೂ ಒಂದು ಹೆಜ್ಜೆ. ಹೆಲ್ಮೆಟ್ ಹಾಕಿದ್ದವನೊಬ್ಬ ಮಧ್ಯೆ ನುಗ್ಗಿದ. ಮೇಕೆ ಆಕ್ಷೇಪಿಸದೆ ಜಾಗ ಬಿಟ್ಟಿತು. ಸಂಜೀವಯ್ಯನವರು ಸಾಲು ಬಿಟ್ಟರು. ಖಾಲಿ ಚೀಲ ಹಿಡಿದು ಮನೆಗೆ ಬಂದರು.

ಮೊಮ್ಮಗಳು ಸಂಘಮಿತ್ರಾ ಅಲ್ಲಿಗೇ ನಿಲ್ಲಿಸಲು ಬಿಡಲಿಲ್ಲ. ಮಾಂಸ ಬಿಟ್ಟು ಹಾಲು ಇಟ್ಟುಕೊಂಡರೆ ಅರ್ಧ ಫೈಲು ಕ್ಲೋಸ್ ಮಾಡಿದ ಹಾಗೆ ತಾತ, ಹಸು ಮೇಕೆ ಎಲ್ಲ ಒಂದೇ ಇಲಾಖೆ ಎಂದು, ಕಬಾಬು ತಿನ್ನುತ್ತಲೇ ವಿವರಿಸಿದಳು. ಅರ್ಧ ಫೈಲು ಎಂಬ ಮಾತು ಅವರಿಗೆ ನಾಟಿತು. ಮೊಸರು, ತುಪ್ಪ, ಕಾಫಿಯ ಹಾಲು ಎಲ್ಲಕ್ಕೂ ಒಟ್ಟಿಗೆ ವಿದಾಯ ಹೇಳಿದರು. ವಾಕಿಂಗ್ ಗೆಳೆಯ, ಜಯನಗರದ ಹುಟ್ಟಾ ಸಸ್ಯಾಹಾರಿ ಕಿಟ್ಟಿ, ಕೊನೆಗೂ ನಮ್ಮ ಕಡೆ ಬಂದೆಯಲ್ಲ ಎಂದು ಕೈ ಕುಲುಕಿದರು. ಮೊಸರೂ ಇಲ್ಲವೆಂದು ತಿಳಿದ ಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ಅಂದರು: “ಮಟನ್ನೇ ವಾಸಿ ಕಣಯ್ಯಾ, ವಾಪಸ್ ಹೋಗ್ಬಿಡು.”

ಮುಂದಿನ ಭಾನುವಾರ ಮಟನ್ ತಂದವನು ಮಗ ಯುವರಾಜ. ಊಟಕ್ಕೆ ಕೂತಾಗ ಸಂಜೀವಯ್ಯನವರು ತಮ್ಮ ನಿರ್ಧಾರವನ್ನು ಪ್ರಕಟಿಸಿದರು. ಯಲ್ಲಮ್ಮನವರು ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳಿದರು. ತಮ್ಮ ಭೀಮೇಶನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವನು ಗೊಟ್ಟಿಗೆರೆಯಿಂದ ತನ್ನದೇ ಚಮಚ ತಂದಿದ್ದ. ಅದನ್ನು ಜೇಬಿನಿಂದ ತೆಗೆದು, ಪಂಚೆಯ ಅಂಚಿಗೆ ಒರೆಸಿ, ವಿನಯದಿಂದ ಹೇಳಿದ: “ಹಂಗಾದ್ರೆ ಹುದ್ದೆ ಖಾಲಿ ಆಯ್ತಲ್ಲಣ್ಣ. ಆ ಕುರ್ಚೀಲಿ ನಾನು ಕೂತ್ಕೊಳ್ಳಾ?”

ಸಂಜೀವಯ್ಯನವರು ಇದನ್ನು ಯೋಚಿಸಿರಲಿಲ್ಲ. ನಲ್ಲಿ ಮೂಳೆಯನ್ನು ಬಿಡಬಹುದು, ಲಿವರನ್ನೂ ಬಿಡಬಹುದು. ಆದರೆ ನಿವೃತ್ತಿಯಾದ ಮೇಲೆ ಬ್ಯಾಂಕಿನ ಹುಡುಗರೂ ಅವರ ಮಾತು ಕೇಳುತ್ತಿರಲಿಲ್ಲ. ಅವರು ಬಾಯಿ ಬಿಟ್ಟು ಹೇಳುವ ತನಕ ಹತ್ತು ಜನ ಕಾಯುವ ಜಾಗ ಅಂತ ಭೂಮಿಯ ಮೇಲೆ ಉಳಿದಿದ್ದದ್ದು ಆ ಒಂದು ಕುರ್ಚಿ.

ಚರ್ಚೆ ನಡೆಯಿತು. ಸಾರು ಆರತೊಡಗಿತು. ನಾಲಿಗೆಯ ಮೇಲಿಟ್ಟುಕೊಂಡು ಉಗಿದುಬಿಟ್ಟರೆ ತಿಂದ ಹಾಗಲ್ಲ ಅಂದ ಯುವರಾಜ. ಉಗಿದದ್ದನ್ನು ಮೇಕೆ ಹೇಗೆ ತಗೊಳ್ಳುತ್ತೆ ಯೋಚಿಸಿ ಅಂದಳು ಸಂಘಮಿತ್ರಾ. ಭೀಮೇಶ ಚಮಚ ಹಿಡಿದೇ ಕೂತಿದ್ದ.

ಆಗ ಸಂಜೀವಯ್ಯನವರಿಗೆ ತಮ್ಮ ನಿರ್ದೇಶನಾಲಯ ನೆನಪಾಯಿತು. ಅಲ್ಲಿಗೆ ಬರುತ್ತಿದ್ದದ್ದು ಅರಗಿನ ಮುದ್ರೆ ಹಾಕಿದ ಲಕೋಟೆಗಳು. ಒಳಗಿರುವುದೆಲ್ಲ ಸರಿಯಿದೆ ಎಂದು ದೃಢೀಕರಿಸುವುದು ಅವರ ಕೆಲಸ. ಒಡೆದು ನೋಡಿದರೆ ಮುದ್ರೆ ಹಾಳಾಗುವುದರಿಂದ ಒಡೆಯದೆಯೇ ದೃಢೀಕರಿಸಬೇಕಿತ್ತು. ಸರ್ವಿಸ್ ಪೂರ್ತಿ ದೃಢೀಕರಿಸಿದ್ದರು, ಒಂದು ದೂರೂ ಬಂದಿರಲಿಲ್ಲ. ಅವರು ಎದ್ದು ನಿಂತರು.

“ಈ ಮೂಲಕ ಸಮಸ್ತ ಕುಟುಂಬ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಉಪ್ಪು ಹೇಳುವ ಸಕ್ಷಮ ಪ್ರಾಧಿಕಾರವು ಸದರಿ ಸಾರನ್ನು ಇನ್ನು ಮುಂದೆ ಸೇವಿಸತಕ್ಕದ್ದಲ್ಲ. ಸೇವಿಸಿದಲ್ಲಿ ಸಾರಿನ ಮೇಲೆ ಮಮತೆ ಹುಟ್ಟಿ ನಿಷ್ಪಕ್ಷಪಾತತೆಗೆ ಧಕ್ಕೆ ಬರುವ ಸಂಭವವಿರುತ್ತದೆ. ಒಂದು ಮೊಳ ದೂರದಿಂದ ಹಬೆಯನ್ನು ಅವಲೋಕಿಸಿ ಉಪ್ಪು ಹೇಳಲಾಗುವುದು. ಅವಲೋಕನ ಮುಗಿದ ಬಟ್ಟಲಿನ ವಿಲೇವಾರಿಯನ್ನು ಚಿರಂಜೀವಿ ಭೀಮೇಶನಿಗೆ ವಹಿಸಲಾಗಿದೆ.”

ಬಟ್ಟಲು ಬಂತು. ಸಂಜೀವಯ್ಯನವರು ಕೈ ಹಿಂದೆ ಕಟ್ಟಿಕೊಂಡು, ಉಳಿದಿದ್ದಷ್ಟು ಹಬೆಯನ್ನು ಎಡದಿಂದಲೂ ಬಲದಿಂದಲೂ ನೋಡಿದರು. ಕಣ್ಣು ಮುಚ್ಚಿದರು.

“ಸಾಕು. ಬಡಿಸಿ.”

ಯಲ್ಲಮ್ಮನವರ ಕೈ ಉಪ್ಪಿನ ಡಬ್ಬಿಯ ಮೇಲೆಯೇ ನಿಂತುಬಿಟ್ಟಿತು. ಇಷ್ಟು ವರ್ಷದಲ್ಲಿ ಮೊದಲ ಬಟ್ಟಲಿಗೇ ಸಾಕು ಅನ್ನಿಸಿಕೊಂಡವರಲ್ಲ ಅವರು. ಸಾಕು ಅಂದ ಮೇಲೆ ಹಾಕುವಂತಿಲ್ಲ. ಸಾಲದ್ದಕ್ಕೆ, ಹೊಗಳಿಕೆಯನ್ನು ಅಲ್ಲಗಳೆಯುವುದು ಅವರ ಸ್ವಭಾವವೂ ಅಲ್ಲ. ಡಬ್ಬಿಯ ಮುಚ್ಚಳ ಹಾಕಿದರು.

ಬಡಿಸಿದ್ದಾಯಿತು. ಎಲ್ಲರೂ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದರು. ಎಲ್ಲರ ಕಣ್ಣೂ ಭೀಮೇಶನ ಮೇಲೆ. ಉಪ್ಪೇ ಇಲ್ಲ ಕಣಣ್ಣ ಅಂದಿದ್ದರೆ ಆ ಕ್ಷಣಕ್ಕೆ ಕುರ್ಚಿ ಅವನದು. ಬಾಯಿ ತೆರೆದ ಕೂಡ. ಆದರೆ ಅವನೂ ಯಾವುದೋ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನೇ. ಹೇಳಿದ ಉಪ್ಪು ತಪ್ಪಾಗಬಹುದು ಎಂದು ಒಮ್ಮೆ ಸಾಬೀತಾದರೆ, ನಾಳೆ ಆ ಕುರ್ಚಿ ತನಗೆ ಸಿಕ್ಕರೂ ಪ್ರಯೋಜನವೇನು? ಯಾರು ಬೇಕಾದರೂ ಕೈ ಚಾಚಿಯಾರು. ಜೊತೆಗೆ ಅಷ್ಟು ಹೊತ್ತಿಗೆ ನಲ್ಲಿ ಮೂಳೆ ಅವನ ತಟ್ಟೆಯಲ್ಲಿತ್ತು. ಅದನ್ನು ತಟ್ಟೆಗೆ ಕುಟ್ಟುತ್ತ ಅಂದ: “ಉಪ್ಪು ಸಖತ್ತಾಗಿ ಕೂತಿದೆ ಬಿಡಣ್ಣ.”

ಇತರರೂ ಅನುಮೋದಿಸಿದರು.

ಅಂದಿನಿಂದ ಆ ಮನೆಯಲ್ಲಿ ಎಲ್ಲವೂ ಸುಗಮವಾಗಿದೆ. ಭಾನುವಾರ ಬರುವ ನೆಂಟರು ಜೇಬಿನಲ್ಲಿ ಪುಟ್ಟ ಪೊಟ್ಟಣ ಇಟ್ಟುಕೊಂಡು ಬರುತ್ತಾರೆ. ಬಡಿಸಿದ ಮೇಲೆ ಎಲ್ಲರಿಗೂ ಒಟ್ಟಿಗೇ ಕೆಮ್ಮು ಬರುತ್ತದೆ, ಎಲ್ಲರೂ ಒಟ್ಟಿಗೇ ಕರವಸ್ತ್ರಕ್ಕಾಗಿ ಜೇಬಿಗೆ ಕೈ ಹಾಕುತ್ತಾರೆ. ಸಂಜೀವಯ್ಯನವರು ಆ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲಿನ ಅಜ್ಜಂದಿರನ್ನು ನೋಡುತ್ತಾರೆ. ಯಲ್ಲಮ್ಮನವರ ಕೈರುಚಿಯ ಬಗ್ಗೆ ಸುದ್ದಗುಂಟೆಪಾಳ್ಯದವರೆಗೂ ಮಾತಿದೆ.

ಸಂಜೀವಯ್ಯನವರಿಗೆಂದು ಬೇರೆ ಪಾತ್ರೆಯಲ್ಲಿ ಅವರೆಕಾಳಿನ ಸಾರಾಗುತ್ತದೆ. ಒಂದೇ ಅಡುಗೆಮನೆ, ಒಂದೇ ನಿಯಮವಾದ್ದರಿಂದ ಅದಕ್ಕೂ ಹಬೆ ನೋಡಿಯೇ ಸಾಕು ಅಂದಿರುತ್ತಾರೆ. ಪೊಟ್ಟಣ ಇಲ್ಲದವರು ಆ ಪಂಕ್ತಿಯಲ್ಲಿ ಅವರೊಬ್ಬರೇ. ಎಷ್ಟೋ ಭಾನುವಾರ ಹಾಗೇ ನುಂಗಿದರು. ಮಾಂಸ ಬಿಟ್ಟವರ ನಾಲಿಗೆಗೆ ಹೀಗೆಲ್ಲ ಆಗುತ್ತದೇನೋ ಅಂತಲೂ ಅಂದುಕೊಂಡರು.

ಮೊನ್ನೆ ಪಕ್ಕದಲ್ಲಿ ಕೂತಿದ್ದ ಭೀಮೇಶ, ಎಲ್ಲರೂ ಕೆಮ್ಮುತ್ತಿದ್ದಾಗ, ಮೇಜಿನ ಕೆಳಗೆ ಅವರ ಮೊಣಕಾಲಿಗೆ ಏನನ್ನೋ ತಾಗಿಸಿದ. ಕಾಗದದ ಪೊಟ್ಟಣ. ಸಂಜೀವಯ್ಯನವರು ಅಜ್ಜಂದಿರಿಂದ ಕಣ್ಣು ತೆಗೆಯದೆ ಅದನ್ನು ತಗೊಂಡು, ಬಹಳ ಸಣ್ಣ ದನಿಯಲ್ಲಿ ಹೇಳಿದರು:

“ಉಪ್ಪು ಹೇಳೋವ್ರಿಗೆ ಮಾತ್ರ ಗೊತ್ತಾಗ್ಬಾರದು.”

“ಗೊತ್ತಾಗಲ್ಲ ಬಿಡಣ್ಣ,” ಅಂದ ಭೀಮೇಶ. “ಅವರು ತಿಂದು ನೋಡಲ್ಲ.”